ತಂಗಿಯ ಕೈಗುಣ

ನನ್ನ ತಂಗಿ ಗಿರಿಜಳ ಕೈಗುಣ ಕೆಟ್ಟದ್ದಲ್ಲ. ಅವಳು ಬಿತ್ತಿದ ಬೀಜ ಹುಟ್ಟದಂತೆ ಮಾಡಿದವಳು ನಾನು. ಒಂದು ಸಲವಲ್ಲ, ಎರಡು ಸಲ. ನಲವತ್ತೇಳು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ದಿನಾ ದೇವರಿಗೆ ದೀಪ ಹಚ್ಚಿದ್ದೇನೆ. ಅವನಿಗೆ ಗೊತ್ತಿರಲಿಲ್ಲವೆಂದಲ್ಲ — ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ನಾವು ಹುಟ್ಟಿ ಬೆಳೆದದ್ದು ಬಳ್ಳಿಗಾವಿಯ ಪಕ್ಕದ ಒಂದು ಸಣ್ಣ ಊರಿನಲ್ಲಿ. ಅವ್ವನಿಗೆ ಹಿತ್ತಲೆಂದರೆ ಪ್ರಾಣ. ಬೀಜಗಳನ್ನು ಒಲೆಯ ಬೂದಿಯಲ್ಲಿ ಕಲಸಿ, ಒಣಗಿದ ಸೋರೆ ಬುರುಡೆಯೊಳಗೆ ತುಂಬಿ, ಅಡುಗೆಮನೆಯ ತೊಲೆಗೆ ತೂಗುಹಾಕುತ್ತಿದ್ದಳು. ಮನೆಯೊಳಗೆ ಅವಳು ಯಾವಾಗಲೂ ಸಿಡುಕಿ. ಹಿತ್ತಲಿಗೆ ಕಾಲಿಟ್ಟಳೆಂದರೆ ಬೇರೆಯೇ ಹೆಂಗಸು — ನಗುತ್ತಿದ್ದಳು, ತಲೆ ಸವರುತ್ತಿದ್ದಳು, ಎಳೆ ಸೌತೆಕಾಯಿ ಮುರಿದು ಬಾಯಿಗಿಡುತ್ತಿದ್ದಳು. ನನಗೆ ಗಿಡದ ಹುಚ್ಚು ಹಿಡಿದದ್ದು ಹಾಗೆ. ಅದು ಗಿಡದ ಆಸೆಯೋ ಅವ್ವನ ಆಸೆಯೋ — ಈಗಲೂ ಬಿಡಿಸಿ ಹೇಳಲಾರೆ.

ಗಿರಿಜಳಿಗೆ ಒಂಬತ್ತು, ನನಗೆ ಹನ್ನೆರಡು. ಅವಳು ಓದಿನಲ್ಲಿ ಚುರುಕು, ಹಾಡು ಬರುತ್ತಿತ್ತು, ನೋಡಲೂ ಲಕ್ಷಣ. ಸಾಲದ್ದಕ್ಕೆ ಕೈಗುಣ. ಒಣಕಡ್ಡಿ ನೆಟ್ಟರೂ ಚಿಗುರುತ್ತಿತ್ತು. ಮಳೆ ಹಿಡಿದರೆ ಸಾಕು, ಅಕ್ಕಪಕ್ಕದವರು ಬಾಗಿಲಿಗೆ ಬರುತ್ತಿದ್ದರು: “ನಿನ್ ಸಣ್ಣಾಕಿನ ಕಳಿಸವ್ವ, ನಾಕು ಬೀಜ ಊರಿ ಬರ್ಲಿ.” ನನ್ನನ್ನು ಕರೆಯುತ್ತಿದ್ದುದು ಗೊಬ್ಬರದ ಬುಟ್ಟಿ ಹೊರಲು.

ಆ ವರ್ಷ ಮೃಗಶಿರ ಮಳೆ ಬಿದ್ದ ಮೇಲೆ ಅವ್ವ ನಮ್ಮಿಬ್ಬರಿಗೂ ಹಿತ್ತಲಲ್ಲಿ ಒಂದೊಂದು ಮಡಿ ಬಿಟ್ಟುಕೊಟ್ಟಳು. ಯಾರ ಮಡಿ ಚೆನ್ನಾಗಿ ಬರುತ್ತದೋ ಮುಂದೆ ಬೀಜದ ಬುರುಡೆ ಅವರಿಗೇ ಎಂದಳು. ಹೀರೆ ಬೀಜವನ್ನು ಎರಡು ಬಟ್ಟಲಲ್ಲಿ ನೆನೆಹಾಕಿದ್ದಳು. ಬೆಳಗ್ಗೆ ನಾನು ಬಚ್ಚಲ ಹಂಡೆಯಿಂದ ಒಂದು ಚೊಂಬು ಕುದಿಯುವ ನೀರು ತಂದು ಗಿರಿಜಳ ಬಟ್ಟಲಿಗೆ ಸುರಿದೆ. ಸ್ವಲ್ಪ ಹೊತ್ತು ಬಿಟ್ಟು ಬಸಿದು, ತಣ್ಣೀರು ತುಂಬಿಸಿಟ್ಟೆ. ಬೆಂದ ಬೀಜ, ಬೇಯದ ಬೀಜ — ನೋಡುವುದಕ್ಕೆ ಎರಡೂ ಒಂದೇ. ಅಷ್ಟೇ ಕೆಲಸ.

ವಾರ ಕಳೆಯುವಷ್ಟರಲ್ಲಿ ನನ್ನ ಮಡಿಯಲ್ಲಿ ಎರಡೆರಡು ಎಲೆ. ಅವಳದ್ದರಲ್ಲಿ ಬರೀ ಮಣ್ಣು. ದಿನಾ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದಳು. “ನನ್ನವು ಮಲಗ್ಯಾವೆ ಅಕ್ಕಾ, ಇನ್ನೆರಡು ದಿನಕ್ಕೆ ಏಳ್ತಾವೆ” ಎಂದಳು. ನಾನು ಹೂಂ ಎಂದೆ.

ಮೊದಲ ವರ್ಷದ್ದು ಹೊಟ್ಟೆಕಿಚ್ಚು. ಎರಡನೆಯ ವರ್ಷದ್ದಕ್ಕೆ ಆ ಹೆಸರೂ ಇಲ್ಲ. ಈ ಸಲ ಅವಳ ಬೀಜ ಹುಟ್ಟಿಬಿಟ್ಟರೆ ಹೋದ ಸಲ ಏನಾಯಿತೆಂದು ಯಾರಾದರೂ ಕೇಳಿಯಾರು ಎಂಬ ಭಯ — ಆ ಭಯಕ್ಕೇ ಮತ್ತೆ ಚೊಂಬು ಹಿಡಿದೆ. ಸುರಿದು ತಿರುಗಿದರೆ ಬಚ್ಚಲ ಬಾಗಿಲಲ್ಲಿ ಅವ್ವ.

ಬಟ್ಟಲಿನಿಂದ ಹಬೆ ಏಳುತ್ತಿತ್ತು. ಅವ್ವ ಅದನ್ನು ನೋಡಿದಳು, ನನ್ನನ್ನು ನೋಡಿದಳು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ — ಎಷ್ಟು ಚೆನ್ನಾಗಿರುತ್ತಿತ್ತು. ಅವಳು ನನ್ನ ಕೈಯಿಂದ ಚೊಂಬು ತೆಗೆದಿಟ್ಟು ಮೆಲ್ಲಗೆ ಹೇಳಿದಳು: “ಅಕಿಗೆ ಇನ್ನೂ ಏನೇನೋ ಐತಿ. ನಿಂಗೆ ಇದೊಂದಾದ್ರೂ ಇರ್ಲಿ.” ಆಮೇಲೆ ತಾನೇ ಆ ಬಿಸಿನೀರು ಬಸಿದು, ತಾನೇ ತಣ್ಣೀರು ಹಾಕಿದಳು.

ಆ ಮಡಿಯಲ್ಲೂ ಏನೂ ಹುಟ್ಟಲಿಲ್ಲ. ಪಕ್ಕದ ಮನೆಯವರು ನಿಂತಿದ್ದಾಗಲೇ ಅವ್ವ ಹೇಳಿದಳು: “ಗಿರಿಜಾ, ಇನ್ಮ್ಯಾಲೆ ನೀ ಬಿತ್ತಬ್ಯಾಡವ್ವ. ಅಕ್ಕ ಬಿತ್ತಲಿ, ನೀ ನೀರ್ ಹಾಕು.” ಗಿರಿಜ ತನ್ನ ಅಂಗೈ ಮಗುಚಿ ನೋಡಿಕೊಂಡಳು. ಅಳಲಿಲ್ಲ. ಬಿಂದಿಗೆ ತರಲು ಹೋದಳು.

ಆವತ್ತು ನನಗೆ ಅವ್ವನ ಮಾತು ಪ್ರೀತಿಯಂತೆ ಕೇಳಿಸಿತ್ತು. ನನ್ನ ಮಕ್ಕಳು ದೊಡ್ಡವರಾದ ಮೇಲೆ ಒಂದು ದಿನ ಅವರೆ ಬಿಡಿಸುತ್ತ ಕೂತವಳಿಗೆ ತಟ್ಟನೆ ಹೊಳೆಯಿತು — ಇದೊಂದು ಬಿಟ್ಟರೆ ನನ್ನಲ್ಲಿ ಏನೂ ಇಲ್ಲವೆಂದು ಹೆತ್ತವಳೇ ತೀರ್ಮಾನಿಸಿದ್ದಳು. ಇದ್ದ ಒಂದೂ ನನ್ನದಾಗಿರಲಿಲ್ಲ.

ಮದುವೆಯಾದಾಗ ಬುರುಡೆ ನನ್ನ ಜೊತೆ ಗಂಡನ ಊರು ಹೊಸಬಾಳೆಗೆ ಬಂತು. ಗಿರಿಜಳನ್ನು ಶಿರಾಳಕೊಪ್ಪದ ಹತ್ತಿರ ಕುರಿ ಸಾಕುವ ಮನೆಗೆ ಕೊಟ್ಟರು. ದೇವರು ನನಗೆ ಕಡಿಮೆ ಮಾಡಲಿಲ್ಲ. ಯಜಮಾನರು ಕೈ ಎತ್ತಿದವರಲ್ಲ. ಮಕ್ಕಳು ಆರೋಗ್ಯವಾಗಿದ್ದಾರೆ. ಬೇಸಿಗೆಯಲ್ಲೂ ಬಾವಿ ತಳ ಕಾಣುವುದಿಲ್ಲ, ಮಂಡಿ ಇನ್ನೂ ಮಡಚುತ್ತದೆ, ಪೂಜೆಗೆ ಒಂದು ದಿನವೂ ಹೂ ತಪ್ಪಿಲ್ಲ. ಊರಿನ ಅರ್ಧ ಮನೆಗಳ ಚಪ್ಪರದಲ್ಲಿರುವುದು ನಾನು ಕೊಟ್ಟ ಬೀಜ. “ನಿಮ್ ಕೈಗುಣ ದೊಡ್ದು ಕಣ್ರೀ” ಎನ್ನುತ್ತಾರೆ. “ದೇವರ ದಯೆ” ಎನ್ನುತ್ತೇನೆ. ಕದ್ದದ್ದರ ಮೇಲೆ ಅವನ ಹೆಸರು ಬರೆದೆ.

ಈ ವೈಶಾಖದಲ್ಲಿ ಗಿರಿಜಳ ಮಗ ಹೊಸ ಮನೆ ಕಟ್ಟಿಸಿದ. ಗೃಹಪ್ರವೇಶದ ದಿನ ಸೊಸೆ ಕಾವ್ಯ ತುಳಸಿ ಸಸಿ ಹಿಡಿದು, “ಅತ್ತೆ, ನೀವೇ ನೆಡ್ರೀ” ಎಂದಳು. ಗಿರಿಜ ಎರಡು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. “ನಂಗೆ ಬ್ಯಾಡವ್ವ, ನಿನ್ ತುಳಸಿ ಮೂರು ದಿನಕ್ಕೆ ಕೈಲಾಸ ಸೇರ್ತದೆ. ದೊಡ್ಡಮ್ಮನ ಕೈಲಿ ನೆಡಿಸು.” ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು — ನೆಟ್ಟೆ.

ಮಧ್ಯಾಹ್ನ ಊಟವಾದ ಮೇಲೆ ಮನೆ ಹಿಂದಿನ ಕುರಿ ದೊಡ್ಡಿಯ ಹತ್ತಿರ ಇಬ್ಬರೇ ಇದ್ದೆವು. ಒಂದು ಕುರಿ ಆಗಷ್ಟೇ ಈದಿತ್ತು. ಮರಿಯ ಮೂಗು ಒರೆಸಬೇಕಿತ್ತು. ಗಿರಿಜ ದೂರದಲ್ಲೇ ನಿಂತು ಕಾವ್ಯಳನ್ನು ಕೂಗಿದಳು.

“ನೀನೇ ಒರೆಸಬಾರದೇನೆ?” ಎಂದೆ.

“ಮೊದಲ ಕೈ ನಂದು ಬ್ಯಾಡಂತ ಬಿಟ್ಟೀನಿ ಅಕ್ಕಾ. ಈ ಮನೆಗೆ ಬಂದಾಗಿಂದ ಹಂಗೇ. ಮೊಮ್ಮಗಳನ್ನೂ ಮೂರು ದಿನ ಮುಟ್ಟಲಿಲ್ಲ ನಾ.” ನಗುತ್ತಲೇ ಹೇಳಿದಳು.

ನನ್ನ ಬಾಯಿಂದ ಆಗ ಬಂತು. ಬಟ್ಟಲು, ಚೊಂಬು, ಹಂಡೆ — ಎಲ್ಲ. ಕಾವ್ಯ ಬಂದು ಮರಿ ಒರೆಸಿ ಹೋದಳು. ಅವಳು ಹೋದ ಮೇಲೆ ಗಿರಿಜ ಕೇಳಿದಳು:

“ಎರಡನೇ ಸಲನೂ?”

“ಹೂಂ.”

“ಅವ್ವಂಗೆ ಗೊತ್ತಿತ್ತಾ?”

“ಇಲ್ಲ” ಎಂದೆ.

ಅವಳು ತಲೆಯಾಡಿಸಿದಳು. “ಪಾಪ, ಅವ್ವ” ಎಂದಳು. ಆಮೇಲೆ ದೊಡ್ಡಿಯ ಕಡೆಗೇ ಮುಖ ಮಾಡಿ, “ಬಸ್ಸಿಗೆ ಹೊತ್ತಾತು, ಹೋಗಕ್ಕ” ಎಂದಳು. ಕುಂಕುಮ ಕೊಡಲಿಲ್ಲ. ಮದುವೆಯಾದಾಗಿನಿಂದ ಅವಳು ನನ್ನನ್ನು ಹಾಗೆ ಕಳಿಸಿದ್ದು ಅದೇ ಮೊದಲು.

ಮೂರು ತಿಂಗಳಾಯಿತು. ಅವಳ ಫೋನಿಲ್ಲ. ಮೊನ್ನೆ ಕಾವ್ಯ ಮಾಡಿದ್ದಳು. “ದೊಡ್ಡಮ್ಮ, ಅತ್ತೆ ದಿನಾ ಅಜ್ಜಿ ಫೋಟೊ ಮುಂದೆ ಕೂತು ಮಾತಾಡ್ತಾರೆ. ‘ನಿಂಗೂ ಮೋಸ ಆತಲ್ಲವ್ವ’ ಅಂತಾರೆ. ಏನಾಗೈತ್ರೀ?”

ಏನೆಂದು ಹೇಳಲಿ. ಅಕ್ಕ ತನ್ನವಳಲ್ಲವೆಂದಾದ ಮೇಲೆ ಅವಳು ಅವ್ವನನ್ನು ಹಿಡಿದುಕೊಂಡಿದ್ದಾಳೆ — ತನ್ನಂತೆಯೇ ಮೋಸ ಹೋದವಳೆಂದು. ಆ ಒಂದನ್ನಾದರೂ ಅವಳಿಗೆ ಬಿಡೋಣ, ಅದು ಪುಣ್ಯದ ಕೆಲಸ ಎಂದು ಎಷ್ಟೋ ದಿನ ದೇವರ ಮುಂದೆ ಕೂತು ನನಗೆ ನಾನೇ ಹೇಳಿಕೊಂಡೆ. ಆದರೆ ಯಾರಿಗೆ ಏನು ಸಾಕು, ಯಾರಿಗೆ ಏನಿರಲಿ ಎಂದು ಬಚ್ಚಲ ಬಾಗಿಲಲ್ಲಿ ನಿಂತು ತೀರ್ಮಾನಿಸಿದ್ದು ಅವ್ವ. ಈಗ ನಾನು ಮಾಡುತ್ತಿರುವುದೂ ಅದನ್ನೇ. ನನ್ನ ಸುಳ್ಳು ಅವಳನ್ನು ಕಾಯುತ್ತಿಲ್ಲ. ನನ್ನನ್ನು ಕಾಯುತ್ತಿದೆ — ‘ಇವಳಿಗೆ ಬೇರೇನೂ ಇಲ್ಲ’ ಎಂಬ ಅವ್ವನ ತೀರ್ಮಾನವನ್ನು ನಾನು ಬಾಯಿಬಿಟ್ಟು ಹೇಳದೆ ಇರುವಂತೆ.

ಇವತ್ತು ಬೆಳಗ್ಗೆ ನಾನೇ ಫೋನ್ ಮಾಡಿದೆ. ಎರಡನೆಯ ಸಲಕ್ಕೆ ಎತ್ತಿದಳು.

“ಗಿರಿಜಾ, ಸೋಮವಾರ ಬರ್ತೀನಿ. ಮನೇಲಿ ಇರ್ತೀಯಾ?”

“ಇನ್ನೇನ್ ಉಳಿದೈತಿ ಅಕ್ಕಾ?”

“ಒಂದೈತಿ” ಎಂದೆ.