ನೀರಜಾಕ್ಷಿ ಟೀಚರ್ ಬುಕ್ ಮಾಡಿದ ಶನಿವಾರ

ನೀರಜಾಕ್ಷಿ ಟೀಚರ ಮನೆಯಲ್ಲಿ ಒಂದೂ ಸೂಟ್‌ಕೇಸ್ ಇಲ್ಲ ಎಂಬುದು ನನಗೆ ಗೊತ್ತಾದದ್ದು, ಹನ್ನೊಂದು ವರ್ಷ ಒಂದೇ ಸ್ಟಾಫ್‌ರೂಮಿನಲ್ಲಿ ಎದುರುಬದುರು ಕೂತು ಬುತ್ತಿಯೂಟ ಮಾಡಿದ ಮೇಲೆ. ಕಳೆದ ಜನವರಿಯ ಒಂದು ಮಧ್ಯಾಹ್ನ, "ನುಸೈಬಾ, ನಿನ್ನಲ್ಲಿ ಒಂದು ದೊಡ್ಡ ಸೂಟ್‌ಕೇಸ್ ಉಂಟಾ? ಎರಡು ದಿನಕ್ಕೆ ಸಾಕು" ಎಂದು ಕೇಳಿದರು. ನನ್ನ ಗಂಡ ಝುಬೈರ್ ವಿದೇಶದಲ್ಲಿ, ದಮ್ಮಾಮಿನಲ್ಲಿ ಕೆಲಸದಲ್ಲಿರುವವರು. ನಮ್ಮ ಮನೆಯಲ್ಲಿ ಮಂಚದ ಕೆಳಗೆ, ಕಪಾಟಿನ ಮೇಲೆ, ಎಲ್ಲಿ ನೋಡಿದರೂ ಸೂಟ್‌ಕೇಸೇ. ಆದರೆ ಕೊಡಿಯಾಲ್‌ಬೈಲಿನ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಗಣಿತ ಕಲಿಸಿದ ಹೆಂಗಸಿನ ಮನೆಯಲ್ಲಿ ಒಂದೂ ಇಲ್ಲವೆಂದರೆ ನಂಬುವುದು ಹೇಗೆ?

"ನಾವು ಎಲ್ಲಿಗೆ ಹೋದದ್ದುಂಟು, ಸೂಟ್‌ಕೇಸ್ ಇರ್ಲಿಕ್ಕೆ?" ಎಂದರು ಅವರು, ಏನೂ ಆಗದವರಂತೆ.

ಅವರ ಗಂಡ ಕಮಲಾಕ್ಷ ಭಟ್ಟರು ಬಿಕರ್ನಕಟ್ಟೆಯಿಂದ ಸ್ವಲ್ಪ ಒಳಗಿರುವ ಒಂದು ಸಣ್ಣ ದೇವಸ್ಥಾನದ ಅರ್ಚಕರು. ಬೆಳಿಗ್ಗೆ ನಾಲ್ಕೂವರೆಗೆ ಬಾವಿಯಿಂದ ನೀರು ಸೇದಿ ಸ್ನಾನ, ಐದೂವರೆಗೆ ಬಾಗಿಲು ತೆಗೆಯುವುದು, ಮಧ್ಯಾಹ್ನ ಮಹಾಪೂಜೆ, ಸಂಜೆ ಏಳಕ್ಕೆ ರಾತ್ರಿ ಪೂಜೆ. ಭಾನುವಾರವೂ ಅಷ್ಟೇ, ಬಂದ್ ಇದ್ದರೂ ಅಷ್ಟೇ, ಮಗಳ ಪಿಯುಸಿ ಫಲಿತಾಂಶದ ದಿನವೂ ಅಷ್ಟೇ. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಗಂಡ, ಹೆಂಡತಿ, ಮಕ್ಕಳು ಒಟ್ಟಾಗಿ ಒಂದು ದಿನವೂ ಮನೆ ಬಿಟ್ಟು ಹೊರಗೆ ಉಳಿದದ್ದಿಲ್ಲ. ಟೀಚರು ಶಾಲೆಯ ಪ್ರವಾಸದಲ್ಲಿ ಮಕ್ಕಳನ್ನು ಮೈಸೂರು, ಹಂಪಿ ಎಲ್ಲ ಸುತ್ತಿಸಿ ತಂದವರು. ಭಟ್ಟರು ಮಾತ್ರ ಎಲ್ಲಿಗೂ ಇಲ್ಲ.

ಈ ಸಲ ಟೀಚರು ಹಟ ಹಿಡಿಯಲು ಕಾರಣವಿತ್ತು. ಮಗಳು ಭಾರ್ಗವಿಗೆ ಏಪ್ರಿಲಿನಲ್ಲಿ ಮದುವೆ. ಅವಳು ಹೋದ ಮೇಲೆ ಈ ನಾಲ್ಕು ಜನ ಹೀಗೆಯೇ ನಾಲ್ಕು ಜನರಾಗಿ ಇರುವುದು ಮುಗಿಯಿತು. "ಒಂದು ದಿನ, ನುಸೈಬಾ. ನಾವು ನಾಲ್ವರು, ಒಂದು ಕಡೆ. ಅಷ್ಟೇ ನನಗೆ ಬೇಕಾದ್ದು" ಎಂದು ನನ್ನ ಹತ್ತಿರ ಹೇಳುವಾಗ ಅವರ ದನಿ ಬೇಡುವವರ ಹಾಗಿತ್ತು. ಲೆಕ್ಕ ತಪ್ಪಿದವರಿಗೆ ಇಡೀ ಕ್ಲಾಸಿನ ಎದುರು ಮಗ್ಗಿ ಹೇಳಿಸುವ ಟೀಚರಿಗೆ ಇಂಥ ದನಿಯೂ ಉಂಟೆಂದು ನನಗೆ ಗೊತ್ತಿರಲಿಲ್ಲ.

"ಹಾಗಾದ್ರೆ ಭಟ್ರು ಒಂದು ರಜೆ ಹಾಕ್ಲಿ" ಎಂದೆ.

"ದೇವರಿಗೆ ರಜೆ ಹಾಕ್ಲಿಕ್ಕೆ ಉಂಟಾ? ಅವರ ಅಪ್ಪ ಹಾಕ್ಲಿಲ್ಲ, ಇವರೂ ಹಾಕುವುದಿಲ್ಲ. ಅವರಿಗೆ ಬಿಡುವು ಸಿಗುವುದು ಅಮೆಯಲ್ಲಿ ಮಾತ್ರ."

ಅಮೆ ಎಂದರೇನೆಂದು ಆ ಮೇಲೆ ನನಗೆ ಪಾಠವಾಯಿತು. ಭಟ್ಟರ ತಂದೆಯ ಕಡೆಯ ಕುಟುಂಬದಲ್ಲಿ ಯಾರಾದರೂ ತೀರಿಕೊಂಡರೆ ಸೂತಕ, ಮಗು ಹುಟ್ಟಿದರೆ ಅಮೆ. ಎರಡರಲ್ಲೂ ಹತ್ತು ದಿನ ಅರ್ಚಕರು ಗರ್ಭಗುಡಿಗೆ ಕಾಲಿಡುವಂತಿಲ್ಲ. ಆಗೆಲ್ಲ ಬಜಪೆಯಿಂದ ಭಟ್ಟರ ಅಕ್ಕನ ಮಗ ಸುಘೋಷ ಬಂದು ಪೂಜೆ ನಡೆಸುತ್ತಾನೆ. ಅವನ ಗೋತ್ರ ಬೇರೆ, ಆದ್ದರಿಂದ ಅವನಿಗೆ ಅಡ್ಡಿಯಿಲ್ಲ.

"ಅಂದ್ರೆ ನಿಮ್ಮ ಯಜಮಾನರಿಗೆ ರಜೆ ಸಿಗ್ಬೇಕಾದ್ರೆ ಒಂದೋ ಯಾರಾದ್ರೂ ಸಾಯ್ಬೇಕು, ಇಲ್ಲ ಹುಟ್ಬೇಕಾ?" ಎಂದು ಕೇಳಿದೆ. ದಮ್ಮಾಮಿನ ಕಂಪನಿ ಎಷ್ಟು ಬಿಗಿಯಾದರೂ ಎರಡು ವರ್ಷಕ್ಕೊಮ್ಮೆ ಝುಬೈರನ್ನು ಬಿಡುತ್ತದೆ.

"ಸತ್ತಾಗ ತಿರುಗ್ಲಿಕ್ಕೆ ಹೋಗುವುದಾ? ಹುಟ್ಟಿದ್ದು ನಮ್ಮ ಕಾಲದಲ್ಲಿ ಎರಡೇ ಸಲ. ಒಮ್ಮೆ ಭಾರ್ಗವಿ, ಒಮ್ಮೆ ಕೃಷ್ಣಕಿಶೋರ್. ಅವರಿಗೆ ರಜೆ ಇತ್ತು, ನಾನು ಬಾಣಂತಿ ಮಂಚದಲ್ಲಿದ್ದೆ!" ಎಂದು ಟೀಚರು ನಕ್ಕರು. ನಗುತ್ತಲೇ ಬ್ಯಾಗಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಹರಡಿದರು. ನೋಡಿದರೆ ಪಾಠಯೋಜನೆಯ ಹಾಗೆ ಕೋಷ್ಟಕ ಹಾಕಿದ್ದಾರೆ.

ಭಟ್ಟರ ಅಣ್ಣನ ಸೊಸೆ ಅಕ್ಷಿತಾಳಿಗೆ ತಿಂಗಳು ತುಂಬಿತ್ತು. ಡಾಕ್ಟರು ಕೊಟ್ಟ ದಿನ ಇಪ್ಪತ್ತನೆಯ ತಾರೀಕು, ಮಂಗಳವಾರ. ಟೀಚರು ರಿಸಾರ್ಟ್ ಹಿಡಿದದ್ದು ಆ ವಾರದ ಶನಿವಾರಕ್ಕೆ. ಅಮೆ ಹತ್ತು ದಿನ. ಹಿಂದಿನ ವಾರದ ಶುಕ್ರವಾರದಿಂದ ಈ ಶನಿವಾರ ಮಧ್ಯಾಹ್ನದ ಒಳಗೆ ಮಗು ಯಾವಾಗ ಹುಟ್ಟಿದರೂ ಭಟ್ಟರು ಫ್ರೀ. "ಹಿಂದೆ ಮುಂದೆ ಎಲ್ಲ ಜಾಗ ಬಿಟ್ಟಿದ್ದೇನೆ, ತಪ್ಪುವ ಪ್ರಶ್ನೆಯೇ ಇಲ್ಲ" ಎಂದರು. ಭಟ್ಟರು ಕೂಡ ಒಪ್ಪಿದ್ದರಂತೆ: "ಅಮೆ ಬಂದ್ರೆ ಬರ್ತೇನೆ." ಹೊಟ್ಟೆಯೊಳಗಿನ ಮಗುವನ್ನು ನಂಬಿ ರೂಮು ಬುಕ್ ಮಾಡಿದವರನ್ನು ನಾನು ಅದೇ ಮೊದಲು ನೋಡಿದ್ದು.

ರಿಸಾರ್ಟ್ ಆರಿಸಿದ್ದು ಮಗ ಕೃಷ್ಣಕಿಶೋರ್. ಊರಿನಿಂದ ಉತ್ತರಕ್ಕೆ ಒಂದು ಗಂಟೆಯ ದಾರಿ, ಕಡಲ ಬದಿಯಲ್ಲಿ. ಹವಾಯಿ ದ್ವೀಪದ ಹಾಗೆ ಮಾಡಿದ್ದಾರೆ ಎಂದು ತನ್ನ ಮೊಬೈಲಿನಲ್ಲಿ ಚಿತ್ರ ತೋರಿಸಿದ. ಸೋಗೆ ಹೊದೆಸಿದ ಗುಡಿಸಲು, ತೆಂಗಿನ ಮರಕ್ಕೆ ಕಟ್ಟಿದ ತೂಗುಬಲೆ, ಎಳನೀರಿನೊಳಗೆ ಚುಚ್ಚಿದ ಬಣ್ಣದ ಪುಟ್ಟ ಕೊಡೆ. ನನ್ನ ಅಜ್ಜಿಯ ಮನೆಯೂ ಉಳ್ಳಾಲದ ಕಡಲ ಬದಿಯಲ್ಲಿ ಹೀಗೆಯೇ ಇತ್ತು, ಮಳೆಗಾಲಕ್ಕೆ ಮೊದಲು ಹೊಸ ಸೋಗೆ ಹಾಕಲಿಕ್ಕೆ ಅಜ್ಜ ಪಟ್ಟ ಪಾಡು ಅಷ್ಟಿಷ್ಟಲ್ಲ. ಈಗ ಅದಕ್ಕೆ ಹವಾಯಿ ಎಂದು ಹೆಸರಿಟ್ಟು ಬುಕಿಂಗ್ ಮಾಡುತ್ತಾರೆ. ಹುಡುಗನ ಉಮೇದಿಗೆ ತಣ್ಣೀರು ಎರಚಬಾರದೆಂದು "ಚಂದ ಉಂಟು" ಎಂದೆ!

ಆದರೆ ಟೀಚರು ರಿಸಾರ್ಟಿಗೆ ಫೋನ್ ಮಾಡಿದ ದಿನ ಸ್ಟಾಫ್‌ರೂಮಿನಲ್ಲಿ ನಗದೆ ಇರಲು ಯಾರಿಂದಲೂ ಆಗಲಿಲ್ಲ.

"ನಿಮ್ಮಲ್ಲಿ ಬಾವಿ ಉಂಟಾ?"

ಆ ಕಡೆಯ ಹುಡುಗ ಏನೋ ಹೇಳಿದ.

"ಈಜುಕೊಳ ಬೇಡ ಮಾರಾಯ, ಬಾವಿ. ಹಗ್ಗ, ಕೊಡಪಾನ ಇರುವ ಬಾವಿ. ನಮ್ಮವರಿಗೆ ಬೆಳಿಗ್ಗೆ ನಾಲ್ಕೂವರೆಗೆ ಸ್ನಾನ ಮಾಡ್ಲಿಕ್ಕುಂಟು... ನಾಲ್ಕೂವರೆಗೇ... ಹೌದು, ರಜೆಯಲ್ಲಿಯೂ!"

ಬಾವಿ ಇತ್ತು, ಹಿಂದುಗಡೆ ಅಡುಗೆಮನೆಯ ಹತ್ತಿರ. ಈರುಳ್ಳಿ ಬೆಳ್ಳುಳ್ಳಿ ಹಾಕದೆ ಅನ್ನ, ಸಾರು, ಪಲ್ಯ ಬೇರೆ ಪಾತ್ರೆಯಲ್ಲಿ ಮಾಡಿಕೊಡಲಿಕ್ಕೂ ಒಪ್ಪಿದರು. ಭಟ್ಟರಿಗೆಂದು ಒಂದು ಹೊಸ ಅರ್ಧ ತೋಳಿನ ಅಂಗಿಯೂ ಬಂತು, ತಿಳಿನೀಲಿ ಬಣ್ಣದ್ದು. ಎಲ್ಲವೂ ತಯಾರು. ಮಗು ಮಾತ್ರ ತಯಾರಿಲ್ಲ.

ಮಂಗಳವಾರ ಹೋಯಿತು, ಬುಧವಾರ ಹೋಯಿತು. ಗುರುವಾರ ಬಾಲಯೇಸುವಿನ ಕ್ಷೇತ್ರಕ್ಕೆ ಬರುವ ಜನರಿಂದ ನಮ್ಮ ಬಸ್ಸು ಬಿಕರ್ನಕಟ್ಟೆಯಲ್ಲಿ ಇಪ್ಪತ್ತು ನಿಮಿಷ ನಿಂತಾಗ, ಟೀಚರು ಅಕ್ಷಿತಾಳಿಗೆ ಎರಡು ಸಲ ಫೋನ್ ಮಾಡಿದರು. ಶುಕ್ರವಾರ ಅಕ್ಷಿತಾಳೇ ಫೋನ್ ಮಾಡಿ ಕ್ಷಮೆ ಕೇಳಿದಳಂತೆ. ಪಾಪ, ಅವಳು ತಾನೇ ಏನು ಮಾಡಿಯಾಳು?

ಶನಿವಾರ ಬೆಳಗಿನ ಶಾಲೆ ಮುಗಿಸಿ ನಾನು ಟೀಚರನ್ನು ಕಾರಿನಲ್ಲಿ ಅವರ ಮನೆಗೆ ಕರೆದುಕೊಂಡು ಹೋದೆ. ನಾಲ್ವರನ್ನೂ ರಿಸಾರ್ಟಿಗೆ ಬಿಡುವ ಕೆಲಸ ನನ್ನದೆಂದು ಮೊದಲೇ ಒಪ್ಪಿಕೊಂಡಿದ್ದೆ. ಚಾವಡಿಯಲ್ಲಿ ನನ್ನ ಸೂಟ್‌ಕೇಸ್ ಭರ್ತಿಯಾಗಿ ನಿಂತಿತ್ತು. ಭಟ್ಟರು ಮಧ್ಯಾಹ್ನದ ಪೂಜೆ ಮುಗಿಸಿ ಬಂದು ಕುರ್ಚಿಯಲ್ಲಿ ಕೂತಿದ್ದರು. ಟೀಚರು ಮತ್ತೊಮ್ಮೆ ಅಕ್ಷಿತಾಳಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು.

"ಎಂತದೂ ಇಲ್ಲ ಚಿಕ್ಕತ್ತೆ," ಎಂದಳು ಅವಳು. "ಈಗ ಊಟ ಆಯ್ತು. ಹಸಿವು ಜೋರುಂಟು."

ಟೀಚರು ಫೋನ್ ಕೆಳಗಿಟ್ಟರು. ಆಮೇಲೆ ಕೃಷ್ಣಕಿಶೋರ್, "ಅಪ್ಪ, ಹುಟ್ಟಿತು ಅಂತ ಹೇಳಿಬಿಡುವ. ಹೇಗೂ ನಾಳೆಯೋ ನಾಡಿದ್ದೋ ಹುಟ್ತದೆ. ಯಾರು ನೋಡ್ಲಿಕ್ಕೆ ಬರ್ತಾರೆ?" ಎಂದ.

"ಹುಟ್ಟದ ಮಗುವಿನ ಹೆಸರಲ್ಲಿ ಸುಳ್ಳಾ?" ಭಟ್ಟರು ಎಷ್ಟು ಜೋರಾಗಿ ಹೇಳಿದರೆಂದರೆ ಹುಡುಗ ಭಾರ್ಗವಿಯ ಹಿಂದೆ ಸರಿದ.

"ಬೇಡ," ಎಂದರು ಟೀಚರು. "ನಾವು ಮೂವರು ಹೋಗಿ ಬರ್ತೇವೆ. ನಿಮಗೆ ರಾತ್ರಿಗೆ ಸಾರು ಮಾಡಿಟ್ಟಿದ್ದೇನೆ." ಹಾಗೆಂದು ನೆಲಕ್ಕೆ ಕೂತು, ಸೂಟ್‌ಕೇಸಿನ ಜಿಪ್ ಎಳೆದು, ಭಟ್ಟರ ಎರಡು ಪಂಚೆ, ಹೊಸ ನೀಲಿ ಅಂಗಿ ಹೊರಗೆ ತೆಗೆದರು. ಅಂಗಿಯ ಪಿನ್ನು ಕೂಡ ಬಿಚ್ಚಿರಲಿಲ್ಲ. ಅದನ್ನು ಮಡಿಲಲ್ಲಿಟ್ಟುಕೊಂಡು ಒಮ್ಮೆ ನೀವಿ, ತಲೆ ಎತ್ತದೆ ಮಗಳ ಕೈಗೆ ಕೊಟ್ಟರು. ನನಗೆ ಭಟ್ಟರ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಬೇರೆಯವರ ಮನೆಯ ವಿಷಯವಲ್ಲದಿದ್ದರೆ ಎರಡು ಮಾತು ಅಲ್ಲೇ ಆಡಿಬಿಡುತ್ತಿದ್ದೆ.

ಭಟ್ಟರು ಆ ಅಂಗಿಯನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಎದ್ದು, ಮೊಬೈಲ್ ತೆಗೆದು, ದೇವಸ್ಥಾನದ ಆಡಳಿತ ನೋಡುವ ಮೊಕ್ತೇಸರರಿಗೆ ಫೋನ್ ಮಾಡಿದರು. ಅವರ ಫೋನಿನಲ್ಲಿ ಸ್ಪೀಕರ್ ಯಾವಾಗಲೂ ಆನ್, ಆಫ್ ಮಾಡಲಿಕ್ಕೆ ಅವರಿಗೆ ಗೊತ್ತಿಲ್ಲ. ಹಾಗಾಗಿ ಎಲ್ಲವೂ ನಮಗೆ ಕೇಳಿಸಿತು.

"ಎಂತ ಭಟ್ರೇ, ಮಗು ಆಯ್ತಾ? ಅಮೆಯಾ?" ಎಂದರು ಮೊಕ್ತೇಸರರು. ವಿಷಯ ಊರಿಗೆಲ್ಲ ಗೊತ್ತಿತ್ತು. ಭಾರ್ಗವಿಯ ಹಿಂದಿನಿಂದ ಕೃಷ್ಣಕಿಶೋರ್ ಹೌದು ಹೌದು ಎಂದು ತಲೆ ಆಡಿಸುತ್ತಿದ್ದ.

"ಇಲ್ಲ," ಎಂದರು ಭಟ್ಟರು. ಅವರ ಹಣೆ ಬೆವತಿತ್ತು. "ಮಗು ಆಗ್ಲಿಲ್ಲ. ಅಮೆ ಇಲ್ಲ, ಸೂತಕ ಇಲ್ಲ, ಎಂತದೂ ಇಲ್ಲ. ಹೆಂಡತಿ ಮಕ್ಕಳ ಒಟ್ಟಿಗೆ ನನಗೊಂದು ಕಡೆ ಹೋಗ್ಲಿಕ್ಕುಂಟು. ನಾಳೆ ರಾತ್ರಿ ಪೂಜೆಗೆ ಬಂದು ಮುಟ್ತೇನೆ. ಅಷ್ಟರವರೆಗೆ ಸುಘೋಷ ಮಾಡ್ತಾನೆ. ಆಗಬಹುದಾ?"

"ಅದಕ್ಕೆಂತ ಭಟ್ರೇ! ಧಾರಾಳ ಹೋಗಿ ಬನ್ನಿ. ಎರಡು ದಿನ ಜಾಸ್ತಿಯೇ ನಿಲ್ಲಿ. ಇಷ್ಟು ವರ್ಷದಲ್ಲಿ ನೀವು ಒಮ್ಮೆಯಾದ್ರೂ ಕೇಳ್ಬೇಕಲ್ಲ? ನಿಮಗೆ ಎಲ್ಲಿಗೂ ಹೋಗುವುದು ಇಷ್ಟ ಇಲ್ಲ ಅಂತ ನಾವು ಗ್ರಹಿಸಿದ್ದು."

ಭಟ್ಟರು ಫೋನ್ ಇಟ್ಟರು. ಟೀಚರು ನೆಲದಿಂದ ನಿಧಾನಕ್ಕೆ ಎದ್ದರು.

"ಕೇಳಿದ್ರೆ ಕೊಡ್ತಿದ್ರಂತೆ," ಎಂದರು. "ಇಪ್ಪತ್ತೆಂಟು ವರ್ಷ! ಕೇಳಿದ್ರೆ ಸಾಕಿತ್ತಂತೆ!"

"ಕೇಳಬಹುದು ಅಂತಲೇ ನನಗೆ ಹೊಳೀಲಿಲ್ಲ ಮಾರಾಯ್ತಿ," ಎಂದರು ಭಟ್ಟರು, ಶಾಲೆಯಲ್ಲಿ ಹೋಮ್‌ವರ್ಕ್ ಮಾಡದೆ ಬಂದವರ ಹಾಗೆ ನಿಂತು. "ಅಪ್ಪ ಕೇಳಿದ್ದನ್ನು ನಾನು ನೋಡ್ಲಿಲ್ಲ."

ಟೀಚರಿಗೆ ಸಿಟ್ಟು, ನಗು, ಅಳು ಮೂರೂ ಒಟ್ಟಿಗೆ ಬಂದವು. ಕೊನೆಗೆ ಗೆದ್ದದ್ದು ನಗು. ಅದು ಭಾರ್ಗವಿಗೆ ಹತ್ತಿ, ಹುಡುಗನಿಗೆ ಹತ್ತಿ, ನನಗೂ ಹತ್ತಿತು. ಭಟ್ಟರು ಮಾತ್ರ ನಗಲೋ ಬೇಡವೋ ಎಂದು ಹೆಂಡತಿಯ ಮುಖ ನೋಡುತ್ತಿದ್ದರು.

ಸುಘೋಷ ಸ್ಕೂಟರಿನಲ್ಲಿ ಬರುವಾಗ ಮೂರು ಗಂಟೆ. ಭಟ್ಟರು ಜನಿವಾರಕ್ಕೆ ಕಟ್ಟಿದ್ದ ಗರ್ಭಗುಡಿಯ ಬೀಗದಕೈ ಬಿಚ್ಚಿ ಅವನ ಕೈಗಿಟ್ಟು, ಬತ್ತಿ ಎಲ್ಲಿ, ಹೂ ತರುವವರು ಯಾರು, ಎಡಬದಿಯ ದೀಪ ಹೇಗೆ ಸೋರುತ್ತದೆ ಎಂದು ಶುರು ಮಾಡಿದರು. ಕಾಲು ಗಂಟೆ ಕೇಳಿದ ಸುಘೋಷ, "ಮಾವ, ನನಗೆಲ್ಲ ಗೊತ್ತುಂಟು, ನೀವು ಕಾರಲ್ಲಿ ಕುಳಿತುಕೊಳ್ಳಿ" ಎಂದು ಅವರ ಬೆನ್ನು ಹಿಡಿದು ದೂಡಿಯೇ ಬಿಟ್ಟ. ಕಾರಿನಲ್ಲಿ ನನ್ನ ಪಕ್ಕ ತಿಳಿನೀಲಿ ಅಂಗಿ ತೊಟ್ಟು ಕೂತವರು ಕುಳೂರು ಸೇತುವೆ ದಾಟುವವರೆಗೆ ಹಿಂದೆ ತಿರುಗಿ ನೋಡುತ್ತಿದ್ದರು.

ರಿಸಾರ್ಟಿನ ಬಾಗಿಲಲ್ಲಿ ಹೂವಿನ ಅಂಗಿ ತೊಟ್ಟ ಹುಡುಗಿಯೊಬ್ಬಳು "ಅಲೋಹಾ!" ಎಂದು ಭಟ್ಟರ ಕೊರಳಿಗೆ ಹಾರ ಹಾಕಿದಳು. ಅವರು ಗಾಬರಿಯಾಗಿ ನಿಂತೇಬಿಟ್ಟರು. ದಿನಾ ದೇವರಿಗೆ ಹಾರ ಹಾಕುವ ಮನುಷ್ಯ, ತನ್ನ ಕೊರಳಿಗೆ ಹಾರ ಬಿದ್ದದ್ದು ಮದುವೆಯ ನಂತರ ಇದೇ ಮೊದಲಂತೆ. ಅವರ ಪಾಡು ನೋಡಿ ಆ ಹುಡುಗಿ ಹವಾಯಿ ಬಿಟ್ಟು ತುಳುವಿಗೆ ಇಳಿದಳು: "ಬಲೆ ಅಣ್ಣಾ, ಕುಲ್ಲುಲೆ." ಬನ್ನಿ, ಕುಳಿತುಕೊಳ್ಳಿ ಎಂದದ್ದೇ ತಡ, ಭಟ್ಟರ ಮುಖ ಅರಳಿತು. ನಾನು ಅವರನ್ನು ಅಲ್ಲಿ ಬಿಟ್ಟು ಖುಷಿಯಲ್ಲಿ ಒಬ್ಬಳೇ ಹಾಡಿಕೊಂಡು ವಾಪಸಾದೆ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಟೀಚರ ಫೋನ್ ಬಂತು. ಹಿಂದಿನಿಂದ ಅಲೆಯ ಸದ್ದು, ಮಕ್ಕಳ ಕೂಗು.

"ನುಸೈಬಾ, ಅಕ್ಷಿತಾಳಿಗೆ ಹೆಣ್ಣು ಮಗು! ಈಗ ಸುದ್ದಿ ಬಂತು. ಇಬ್ಬರೂ ಸೌಖ್ಯ."

"ಅಂದ್ರೆ ಅಮೆ ಶುರುವಾಯ್ತು!" ಎಂದು ನಾನೂ ಕೂಗಿದೆ. "ಇನ್ನು ಹತ್ತು ದಿನ ಭಟ್ರು ಫ್ರೀ!"

"ಅದೇ ಹೇಳ್ಲಿಕ್ಕೆ ಫೋನ್ ಮಾಡಿದ್ದು," ಎಂದ ಟೀಚರ ದನಿ ಇದ್ದಕ್ಕಿದ್ದಂತೆ ತಗ್ಗಿತು. "ಸುದ್ದಿ ಕೇಳಿ ಇವರು ಬೆರಳಲ್ಲಿ ಹತ್ತು ದಿನ ಎಣಿಸಿದ್ರು. ಆಮೇಲೆ ನನ್ನ ಹತ್ರ, 'ಮಗುವನ್ನು ನೋಡಿದ ಮೇಲೆ ನಾವಿಬ್ಬರು ಎಲ್ಲಿಗೆ ಹೋಗುವ, ನೀರಜಾಕ್ಷೀ?' ಅಂತ ಕೇಳಿದ್ರು. ಈ ಪ್ರಶ್ನೆ ಅವರು ನನ್ನ ಹತ್ರ ಯಾವತ್ತೂ ಕೇಳಿದ್ದಿಲ್ಲ."

"ನೀವೆಂತ ಹೇಳಿದ್ರಿ?"

ಆ ಕಡೆಯಿಂದ ಮೂಗು ಎಳೆದ ಸದ್ದು. ಅತ್ತರೆಂದು ನನಗೆ ಗೊತ್ತಾಯಿತು, ನನ್ನ ಕಣ್ಣೂ ಒದ್ದೆಯಾಯಿತು.

"ಇನ್ನೊಂದು ಸಲ ಕೇಳಿ ಅಂತ ಹೇಳಿದೆ," ಎಂದರು ನೀರಜಾಕ್ಷಿ ಟೀಚರ್.