ನೀಲಕ್ಕ ಹೊಲಿದ ಹಾಯಿ

ಸಿಟ್ಟು ಬಂದಾಗ ನೀಲಕ್ಕ ಹೊಲಿಯುತ್ತಾಳೆ. ಸಿಟ್ಟು ಏರಿದಷ್ಟೂ ಹೊಲಿಗೆ ಸಣ್ಣದಾಗುತ್ತದೆ, ದಾರ ಬಿಗಿಯುತ್ತದೆ. ಅವಳ ಮನೆಯ ಕೌದಿಗಳನ್ನು ಬಿಸಿಲಿಗೆ ಹರವಿದ ದಿನ ಓಣಿಯ ಹೆಂಗಸರು ಬಂದು ಬೆರಳಾಡಿಸಿ ನೋಡುತ್ತಾರೆ. "ಇದು ಅತ್ತಿ ಕೂಡ ಮಾತು ಬಿಟ್ಟ ವರ್ಷದ್ದು. ಇದು ನೋಡ, ಗಂಡ ನೌಕರಿಗೆ ಹೋದ ವರ್ಷದ್ದು" ಎಂದು ಓದಿ ಹೇಳಿ ನಗುತ್ತಾರೆ. ನೀಲಕ್ಕ ನಗುವುದಿಲ್ಲ. ಶಲವಡಿಯಿಂದ ಮದುವೆಯಾಗಿ ಕಲಘಟಗಿ ಸೀಮೆಯ ಈ ಊರಿಗೆ ಬಂದು ಇಪ್ಪತ್ತೊಂದು ವರ್ಷ. ಅಷ್ಟರಲ್ಲಿ ಹದಿನಾಲ್ಕು ಕೌದಿ ಹೊಲಿದಿದ್ದಾಳೆ. ಅವುಗಳಲ್ಲಿ ಒಂದರ ಹೊಲಿಗೆಯೂ ಬಿಚ್ಚಿಲ್ಲ.

ಈ ವರ್ಷ ಅವಳು ಹೊಲಿದದ್ದು ಕೌದಿಯಲ್ಲ.

ಊರ ಪಡುವಣಕ್ಕೆ ದೊಡ್ಡ ಕೆರೆ. ಮೂರು ವರ್ಷದ ಹಿಂದೆ ಅದರ ಏರಿ ಎತ್ತರಿಸಿದರು. ನೀರು ಹರಡಿಕೊಂಡು ಆಚೆಯ ಹೊಲಗಳಿಗೆ ಹೋಗುವ ಬಂಡಿದಾರಿಯನ್ನು ನುಂಗಿತು. ನೀಲಕ್ಕನ ಗಂಡನ ಪಾಲಿನ ಎರಡೂವರೆ ಎಕರೆ ಕಪ್ಪು ಮಣ್ಣಿನ ಎರಿ ಹೊಲ ಆ ಕಡೆಯೇ ಉಳಿಯಿತು. ಈಗ ಅಲ್ಲಿಗೆ ಹೋಗಬೇಕೆಂದರೆ ಕೆರೆ ಸುತ್ತಿ ಏಳು ಕಿಲೋಮೀಟರು ನಡೆಯಬೇಕು, ನಡುವೆ ಒಂದು ಹಳ್ಳ ಹಾಯಬೇಕು. ಬೀಜ ಗೊಬ್ಬರ ಹೊರುವುದು ಹೇಗೆ? ಕಸ ತೆಗೆಯಲು ಕರೆದರೆ ಆಳಿನ ಹೆಂಗಸರು, "ಹೋಗಿ ಬರೂದ್ರಾಗ ಹೊತ್ತು ಮುಳಗತೈತಿ, ಕೆಲಸ ಯಾವಾಗ ಮಾಡೂದವಾ" ಎಂದು ಕೈ ಅಲ್ಲಾಡಿಸಿಬಿಡುತ್ತಿದ್ದರು. ಎರಡು ವರ್ಷ ಹೊಲ ಪಾಳು ಬಿತ್ತು. ಕರಿಕೆ ಹಬ್ಬಿತು, ಜಾಲಿ ಎದ್ದಿತು.

ಪಕ್ಕದ ಹೊಲ ಭಾವ ಸಂಗನಬಸವನದು. ಅವನು ಟ್ರ್ಯಾಕ್ಟರನ್ನು ಆಚೆ ಕಡೆಯೇ ನಿಲ್ಲಿಸಿ, ಅಲ್ಲೇ ಒಬ್ಬ ಆಳನ್ನೂ ಇಟ್ಟಿದ್ದ. ಯುಗಾದಿಯ ಮರುದಿನ ಗುಡಿಯ ಕಟ್ಟೆಯ ಮೇಲೆ ನಾಲ್ಕು ಹಿರಿಯರನ್ನು ಕೂಡಿಸಿ ಅವನು ಮಾತು ತೆಗೆದ. "ನಮ್ಮಪ್ಪ ದುಡದ ನೆಲಾ ಪಾಳ ಬಿದ್ದದ್ದ ನೋಡಾಕ ಆಗವಲ್ದು. ಈ ವರ್ಷ ದಸರಾ ಮುಗದು ಬರೂ ಸೀಗಿ ಹುಣ್ಣಿವಿ ಒಳಗ ಅವರು ಬಿತ್ತಿದ್ರ ಅವರದ ಇರ್ಲಿ. ಇಲ್ಲಾಂದ್ರ ನಾ ಉಳತೀನಿ. ತಮ್ಮಗ ಹೆಂಗೂ ಪಗಾರ ಐತಿ."

ಒಮ್ಮೆ ಅವನ ನೇಗಿಲು ಒಳಗೆ ಬಂದರೆ ಹೊರಗೆ ಹೋಗುವುದಿಲ್ಲ ಎಂದು ಕಟ್ಟೆಯ ಮೇಲಿದ್ದವರಿಗೆಲ್ಲ ಗೊತ್ತಿತ್ತು. ನೀಲಕ್ಕನ ಗಂಡ ಸಿದ್ಧಾರೂಢನಿಗೂ ಗೊತ್ತಿತ್ತು. ಅವನು ಸಂಶಿಯ ಹೈಸ್ಕೂಲಿನಲ್ಲಿ ಜವಾನ, ಊರಿಗೆ ಬರುವುದು ರವಿವಾರಕ್ಕೊಮ್ಮೆ. ತಲೆ ತಗ್ಗಿಸಿ, "ಅಣ್ಣ ಅಂದಂಗ ಆಗ್ಲಿ" ಎಂದು ಎದ್ದು ಬಂದ.

"ಮನ್ಯಾಗ ಒಬ್ಬಾಕಿ ಅದಾಳ, ಕೇಳೂಣು ಅನಿಸಲಿಲ್ಲೇನು?" ನೀಲಕ್ಕ ಒಲೆಯ ಮುಂದಿನಿಂದ ಏಳದೆ ಕೇಳಿದಳು.

"ಹಿರ್ಯಾರ ಮುಂದ ಏನ್ ಮಾತಾಡೂದು ಬಿಡ."

"ಬಾಯಿ ಐತಿಲ್ರಿ ನಿಮಗ? ಉಣ್ಣಾಕಷ್ಟ ಇಟ್ಕೊಂಡೀರೇನು?"

ಸಿದ್ಧಾರೂಢ ಆ ಬಾಯಿಯಿಂದಲೇ ಎರಡು ರೊಟ್ಟಿ ಉಂಡು ಸಂಶಿಯ ಬಸ್ಸು ಹತ್ತಿದ.

ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು ಮಾಡುವ ಈರಪ್ಪ ಪ್ರಾಯದಲ್ಲಿ ನಾಲ್ಕು ವರ್ಷ ಕಾರವಾರದ ಕಡೆ ದೋಣಿ ಕಟ್ಟುವ ಕೆಲಸಕ್ಕೆ ಹೋಗಿದ್ದ. ನೀಲಕ್ಕ ಅವನ ಮುಂದೆ ಹೋಗಿ ನಿಂತಳು.

"ಅಜ್ಜಾರ, ಒಂದು ಸಣ್ಣ ದೋಣಿ ಮಾಡಿಕೊಡ್ರಿ."

ಮುದುಕ ಉಳಿ ಕೆಳಗಿಟ್ಟ. "ನನ್ನ ಕಡೆ ಬಸರಿ ಮನಿಯವರು ಬರತಾರವಾ. ದೋಣಿ ಕೇಳಾಕ ಬಂದಾಕಿ ನೀನ ಮೊದಲು. ಯಾವ ಸಮುದ್ರ ದಾಟಾಕಿ?"

"ಹೊಲಕ್ಕ ಹೋಗಬೇಕ್ರಿ."

ಅವನು ನಗಲಿಲ್ಲ. ಮತ್ತಿ ಮರದ ಹಲಗೆ ಆರಿಸಿ, ಶ್ರಾವಣದ ಹೊತ್ತಿಗೆ ದೋಣಿ ಮುಗಿಸಿದ. ನಾಲ್ಕು ಜನ ಕೂರಬಹುದಾದ, ತೊಟ್ಟಿಲಿನಷ್ಟೇ ನಯವಾದ ದೋಣಿ. ಆದರೆ ಚೀಲ ಹೇರಿದರೆ ಹುಟ್ಟಿಗೆ ಬಗ್ಗುತ್ತಿರಲಿಲ್ಲ. ನೀಲಕ್ಕನ ರಟ್ಟೆ ಬಿದ್ದುಹೋಗುತ್ತಿತ್ತು, ದೋಣಿ ನಿಂತಲ್ಲೇ ನಿಲ್ಲುತ್ತಿತ್ತು.

"ಬಿತ್ತೂ ಹೊತ್ತಿಗೆ ಮೂಡಗಾಳಿ ಬೀಸತೈತಿ" ಎಂದ ಈರಪ್ಪ. "ಮುಂಜಾನೆ ಹೋಗುವಾಗ ಗಾಳಿ ಬೆನ್ನಿಗಿರತೈತಿ. ಬರುವಾಗ ದೋಣಿ ಖಾಲಿ, ಹುಟ್ಟು ಸಾಕು. ಒಂದು ಹಾಯಿ ಕಟ್ಟು."

"ಅದು ಎಲ್ಲಿ ಸಿಗತೈತ್ರಿ?"

"ಈ ಕಡೆ ಎಲ್ಲೂ ಸಿಗೂದಿಲ್ಲ. ಹೊಲೀಬೇಕು. ಕೌದಿ ಹೊಲಿಯೂ ಕೈ ಐತಲ್ಲ ನಿನಗ."

ದಪ್ಪ ಮಂಜರಪಾಟ ಬಟ್ಟೆ ತಂದಳು. ದಾರಕ್ಕೆ ಜೇನುಮೇಣ ತಿಕ್ಕಿದಳು. ಆರು ಪಟ್ಟಿ ಕತ್ತರಿಸಿ ಅಂಚಿಗೆ ಅಂಚು ಕೂಡಿಸಿ ಮೂರು ದಿನ ದಬ್ಬಣದಲ್ಲಿ ಹೊಲಿದಳು. ಒಂದೊಂದು ಚುಚ್ಚಿಗೂ ಗುಡಿಯ ಕಟ್ಟೆಯ ಒಬ್ಬೊಬ್ಬರ ಮುಖ ಕಣ್ಣ ಮುಂದೆ ಬರುತ್ತಿತ್ತು. ನಾಲ್ಕನೆಯ ದಿನ ಈರಪ್ಪ ಬಂದು ಹಾಯಿಯನ್ನು ನೆಲದ ಮೇಲೆ ಹರವಿ ನೋಡಿದ.

"ಅಗದಿ ಚಂದ ಹೊಲದೀ. ಮಲಕೊಳ್ಳಾಕ ಚಲೋ ಆಗತೈತಿ."

"ಅಂದ್ರ?"

"ನೆಲದ ಮ್ಯಾಲ ಸಪಾಟ ಕುಂದ್ರತೈತಿ ನೋಡು. ಹಾಯಿ ಹಿಂಗ ಕುಂದರಬಾರದು. ನಡುವ ಉಬ್ಬಿರಬೇಕು. ಪಟ್ಟಿ ಕೂಡಸುವಾಗ ತುದಿಗೆ ಎರಡು ಬೆರಳು ಒಂದರ ಮ್ಯಾಲ ಒಂದು ಬರಬೇಕು, ನಡುವ ಬರೇ ಒಂದು ಬೆರಳು. ಆಗ ಗಾಳಿ ಹಿಡೀತೈತಿ. ಬಿಚ್ಚು."

ತನ್ನ ಜೀವನದಲ್ಲಿ ಹೊಲಿದದ್ದನ್ನು ಬಿಚ್ಚಿದವಳಲ್ಲ ಅವಳು. ಬಿಚ್ಚಿದಳು. ಹಲ್ಲು ಕಚ್ಚಿ ಮತ್ತೆ ಹೊಲಿದಳು. ಈ ಸಲ ಬಟ್ಟೆ ನೆಲಕ್ಕೆ ಕೂರಲಿಲ್ಲ, ನಡುವೆ ಮೆಲ್ಲಗೆ ಏಳುತ್ತಿತ್ತು. ನಾಲ್ಕು ಮೂಲೆಗೂ ನಾಲ್ಕು ಪದರ ಹಾಕಿ, ಈರಪ್ಪ ಕೊಟ್ಟ ತೊಟ್ಟಿಲ ಸರಪಳಿಯ ಬಳೆಗಳನ್ನು ಹಗ್ಗ ಕಟ್ಟುವುದಕ್ಕೆಂದು ಕೂಡಿಸಿದಳು.

ಕೊನೆಯ ಮೂಲೆಗೆ ಬಂದಾಗ, ಯೋಚಿಸದೆ, ಬುಟ್ಟಿಯಿಂದ ಒಣಗಿದ ಕಟಿರೊಟ್ಟಿಯ ಒಂದು ಚೂರು ಮುರಿದು ಪದರಗಳ ನಡುವೆ ಇಟ್ಟು ಹೊಲಿದುಬಿಟ್ಟಳು. ಶಲವಡಿಯಲ್ಲಿ ಅವಳ ಅವ್ವ ಹಾಗೆಯೇ ಮಾಡುತ್ತಿದ್ದಳು. ಕೌದಿಯ ಕೊನೆಯ ಮೂಲೆಯನ್ನು ಬರಿದಾಗಿ ಮುಚ್ಚಬಾರದು, ಅದಕ್ಕೂ ಒಂದು ತುತ್ತು ಕೊಡಬೇಕು. ಹದಿನಾಲ್ಕು ಕೌದಿಗೂ ನೀಲಕ್ಕ ಕೊಟ್ಟಿದ್ದಳು. ಕೌದಿಯಾದರೆ ದಿನವೂ ಹಾಸುತ್ತಾರೆ, ಕೊಡವುತ್ತಾರೆ, ಬಿಸಿಲಿಗೆ ಹಾಕುತ್ತಾರೆ. ಈ ಹಾಯಿಯನ್ನು ಸುತ್ತಿ ಅಟ್ಟಕ್ಕೆ ಏರಿಸಿದಳು.

ನವರಾತ್ರಿಯ ಮೊದಲ ದಿನವೇ ಜಿಟಿಜಿಟಿ ಮಳೆ ಹಿಡಿಯಿತು. ಹತ್ತು ದಿನ ಬಿಡಲಿಲ್ಲ. ನಡುವೆ ಒಂದು ದಿನ ಸಂಗನಬಸವ ಹಬ್ಬಕ್ಕೆಂದು ಮನೆತನದ ದೊಡ್ಡ ತಾಮ್ರದ ಹಂಡೆ ಒಯ್ಯಲು ಬಂದವನು ತಾನೇ ಅಟ್ಟ ಹತ್ತಿ ಇಳಿದ. ಇಳಿಯುವಾಗ, "ಮ್ಯಾಲ ದೊಡ್ಡ ಸುರುಳಿ ಐತಲ್ಲ, ಯಾರಿಗೆ ಹಾಸಾಕ?" ಎಂದು ಗಾಳಿಗೆ ಕೇಳುವಂತೆ ಕೇಳಿ ಹೋದ. ನೀಲಕ್ಕ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ಸೀಗಿ ಹುಣ್ಣಿವೆಗೆ ಮೂರು ದಿನ ಇದ್ದಾಗ ಆಕಾಶ ತಿಳಿಯಾಯಿತು. ಆಚೆ ದಂಡೆಯ ಊರಿನ ಫಕ್ರುಸಾಬ ಮಳೆಗೆ ಮೊದಲೇ ಅವಳ ಹೊಲ ಹರಗಿ ಹಸನು ಮಾಡಿಟ್ಟಿದ್ದ. ಎತ್ತು, ಬಿತ್ತುವ ಕೂರಿಗೆ ಅವನವು. ಸುಗ್ಗಿಯಲ್ಲಿ ಅವನ ಹೊಲಕ್ಕೆ ಇವಳು ಮುಯ್ಯಿಗೆ ಹೋಗಬೇಕು, ಅಷ್ಟೇ ಮಾತು. ಬೆಳಗಿನ ಜಾವದ ಮಬ್ಬಿನಲ್ಲಿ ಕಡ್ಲಿ ಬೀಜದ ಎರಡು ಚೀಲ ದೋಣಿಗೆ ಹೇರಿ, ಗಡಿಬಿಡಿಯಲ್ಲಿ ಹಾಯಿಯ ಸುರುಳಿ ಬಿಚ್ಚಿ, ಬಳೆಗಳಿಗೆ ಹಗ್ಗ ಕಟ್ಟಿ ದೋಣಿಯ ಗಳಕ್ಕೆ ಏರಿಸಿದಳು.

ಗಾಳಿ ಹಾಯಿಗೆ ಬಂತು. ದೋಣಿ ಮುಂದಕ್ಕೆ ಸರಿಯಿತು. ಒಂದು ಗಳಿಗೆ, ಅಷ್ಟೇ. ದಂಡೆ ಬಿಟ್ಟು ಹತ್ತು ಮಾರು ಹೋಗುವುದರೊಳಗೆ ಕೆಳಗಿನ ಮೂಲೆಯೊಂದು ಪರ್ರೆಂದು ಕಿತ್ತು ಬಂತು. ಸಡಿಲಾದ ಬಟ್ಟೆ ಹುಚ್ಚೆದ್ದು ಬಡಿದುಕೊಂಡಿತು. ದೋಣಿ ಅಡ್ಡ ತಿರುಗಿ ಒಂದು ಮಗ್ಗುಲಿಗೆ ವಾಲಿ ನೀರು ಕುಡಿಯಿತು. ನೀಲಕ್ಕ ಎದೆಮಟ್ಟದ ನೀರಿಗೆ ಇಳಿದು ಅದನ್ನು ದಂಡೆಗೆ ಎಳೆದು ತಂದಳು. ಎರಡೂ ಚೀಲ ತೊಯ್ದು ಕಲ್ಲಾಗಿದ್ದವು.

ಅಟ್ಟ ಹತ್ತಿದವನು ಒಬ್ಬನೇ. ಅವಳಿಗೆ ಬೇರೆ ಲೆಕ್ಕ ಬೇಕಾಗಲಿಲ್ಲ.

ಭಾವನ ಎದುರು ಒಂದು ದಿನವೂ ದನಿ ಎತ್ತದವಳು, ತೊಯ್ದ ಸೀರೆಯಲ್ಲಿ, ಹಾಯಿಯನ್ನು ಹೆಗಲಿಗೆ ಹಾಕಿಕೊಂಡು ಓಣಿಯುದ್ದ ನಡೆದು ಅವನ ಅಂಗಳದಲ್ಲಿ ಅದನ್ನು ಒಗೆದಳು.

"ಕತ್ತರಿ ಹಾಕೂ ಮನಶ್ಯಾ ಹಂಡೆ ಒಯ್ಯೂ ನೆವಾ ಯಾಕ ಮಾಡಬೇಕಾಗಿತ್ರಿ? ನನ್ನ ಕಣ್ಣ ಮುಂದ ಹರೀಬೇಕಾಗಿತ್ತು! ನಡುನೀರಾಗ ಕಿತ್ತಿದ್ರ ನನ್ನ ಹೆಣಾ ಬರತಿತ್ತು. ಎರಡೂವರೆ ಎಕರೆಕ್ಕ ಒಂದು ಜೀವಾ ತಗೊಳ್ಳೂ ಮಂದಿ ಏನ್ರಿ ನೀವು?"

ಬೇವಿನ ಕಡ್ಡಿಯಿಂದ ಹಲ್ಲು ತಿಕ್ಕುತ್ತಿದ್ದ ಸಂಗನಬಸವ ಕಡ್ಡಿ ತೆಗೆದ. "ಏನ್ ಮಾತಾಡಾಕತ್ತೀ ಅಂತ ಖಬರ ಐತಿಲ್ಲ?"

"ಎಲ್ಲಾ ಐತಿ. ಊರ ಮಂದಿ ಕೇಳಲಿ!"

ಊರ ಮಂದಿ ಕೇಳುತ್ತಲೇ ಇದ್ದರು. ಬಾಗಿಲು, ಕಟ್ಟೆ, ನಳದ ಸಾಲು ಎಲ್ಲ ತುಂಬಿತ್ತು. ಅಷ್ಟರಲ್ಲಿ ಸಂಗನಬಸವನ ಹೆಂಡತಿ ಶೈಲಾ ಕೆಳಗೆ ಕೂತು ಹರಿದ ಮೂಲೆಯನ್ನು ಕೈಗೆ ತೆಗೆದುಕೊಂಡಳು. ಅವಳೂ ಕೌದಿ ಹೊಲಿಯುವವಳೇ. ಪದರಗಳನ್ನು ಬೆರಳಿನಿಂದ ಬಿಡಿಸಿದಳು. ಒಳಗಿನ ಎರಡು ಪದರ ಜಾಳಿಗೆಯಂತೆ ತೂತಾಗಿದ್ದವು. ಕಪ್ಪು ಹಿಕ್ಕೆ ಉದುರಿದವು. ಅವುಗಳ ಜೊತೆ ಗೋದಿಕಾಳಿನಷ್ಟು ರೊಟ್ಟಿಯ ಪುಡಿ.

"ನೀಲವ್ವಾ," ಶೈಲಾ ಮೆಲ್ಲಗೆ ಕೇಳಿದಳು, "ಮೂಲ್ಯಾಗ ರೊಟ್ಟಿ ಇಟ್ಟಿದ್ದೇನ?"

ನೀಲಕ್ಕ ಆ ಪುಡಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಇಲಿ ತಿಂದಾವ ಇದನ್ನ. ಕತ್ತರೀದಲ್ಲ."

ಮೊದಲು ನಕ್ಕವರು ನಳದ ಹತ್ತಿರದ ಹೆಂಗಸರು. ಆಮೇಲೆ ಕಟ್ಟೆಯ ಗಂಡಸರು. "ಹಾಯಿಗೆ ಉಣ್ಣಾಕ ಹಾಕ್ಯಾಳಪಾ!" ಎಂದು ಯಾರೋ ಕೂಗಿದರು. ಸಂಗನಬಸವನಿಗೂ ನಗು ಬಂತು. ಗೆದ್ದವನ ನಗು. "ನೋಡ್ರಿ, ಇಲಿಗೆ ಬಡಸಿ ನನ್ನ ಮ್ಯಾಲ ಹೇರಾಕ ಬಂದಾಳ. ಇಂಥಾಕಿ ಹೊಲಾ ಮಾಡತಾಳಂತ. ಇನ್ನಾ ಎದಕ್ಕ ಹುಣ್ಣಿವಿ ತನಕಾ? ಇವತ್ತ ಬಿಟ್ಟ ಬಿಡು."

ನೀಲಕ್ಕ ಬಾಗಿ ಹಾಯಿಯನ್ನು ಎತ್ತಿಕೊಂಡಳು. ನಾಚಿಕೆ ಸುಡುತ್ತಿತ್ತು, ಮುಖ ಎತ್ತುವುದೇ ಕಷ್ಟವಾಗಿತ್ತು. ಎತ್ತಿದಳು.

"ಕತ್ತರಿ ನಿಮ್ಮದಲ್ಲ. ನಾ ಅಂದದ್ದು ತಪ್ಪು, ಎಲ್ಲಾರೂ ಇದ್ದಾಗ ಅಂದೀನಿ, ಎಲ್ಲಾರ ಮುಂದನ ತಪ್ಪು ಅಂತೀನಿ. ರೊಟ್ಟಿ ಇಟ್ಟಾಕಿ ನಾನ." ಹಾಯಿಯನ್ನು ಹೆಗಲಿಗೆ ಏರಿಸಿದಳು. "ಹೊಲದ ಮಾತು ಬ್ಯಾರೆ. ನನ್ನ ಕೇಳಲಾರದ ಆಡಿದ ಮಾತು ಅದು. ಆದ್ರೂ ಹುಣ್ಣಿವಿ ಅಂದೀರಿ, ಹುಣ್ಣಿವಿ ತನಕಾ ಸುಮ್ಮನ ಇರ್ರಿ."

ನಗು ಒಮ್ಮೆಲೇ ನಿಲ್ಲಲಿಲ್ಲ. ಅಲ್ಲಲ್ಲಿ ತೆಳ್ಳಗಾಯಿತು.

ಅಷ್ಟರಲ್ಲಿ ಯಾರೋ ಸಿದ್ಧಾರೂಢನಿಗೆ ಫೋನು ಹಚ್ಚಿದ್ದರು. ಅವಳು ಮನೆ ಮುಟ್ಟುವುದರೊಳಗೆ ಅವನ ಕರೆ ಬಂತು. "ಎಂಥಾ ಕೆಲಸಾ ಮಾಡಿದಿ! ಹೋಗಿ ಅಣ್ಣನ ಕಾಲ ಬೀಳು. ಹೊಲಾನೂ ಬ್ಯಾಡ, ಏನೂ ಬ್ಯಾಡ..."

"ಶಾಳಿ ಗಂಟಿ ಹೊಡಿಯೂ ಹೊತ್ತಾತು, ಹೋಗ್ರಿ" ಎಂದು ಅವಳು ಫೋನು ಇಟ್ಟಳು.

ತೊಯ್ದ ಬೀಜ ಕಾಯುವುದಿಲ್ಲ. ಒಂದು ದಿನ ತಡೆದೀತು. ಎರಡನೆಯ ದಿನ ಚೀಲದಲ್ಲೇ ಮೊಳೆತು ಹುಳಿತುಹೋಗುತ್ತದೆ. ಬೇರೆ ಬೀಜ ತರುವಷ್ಟು ದಿನವೂ ಉಳಿದಿರಲಿಲ್ಲ. ನೀಲಕ್ಕ ಬೀಜವನ್ನು ನೆರಳಿನಲ್ಲಿ ಹರವಿ ನೀರು ಬಸಿಯಲು ಬಿಟ್ಟಳು. ಆಮೇಲೆ ಒಳಗೆ ಹೋಗಿ ಕೂರಲಿಲ್ಲ. ಹಾಯಿಯನ್ನು ಹೊರಕಟ್ಟೆಗೆ ತಂದು, ಓಣಿಗೆ ಮುಖ ಮಾಡಿ, ಕಾಲು ಚಾಚಿ ಕೂತಳು. ಹೋಗುವವರು ಬರುವವರು ನೋಡಿದರು. ಕೆಲವರು ನಿಂತು ಏನೋ ಅಂದರು. ಅವಳು ತಲೆ ಎತ್ತಲಿಲ್ಲ. ಇಲಿ ತಿಂದಷ್ಟನ್ನೂ ಕತ್ತರಿಸಿ ತೆಗೆದು, ಹೊಸದಾಗಿ ನಾಲ್ಕು ಪದರ ಹಾಕಿ, ಬಳೆಯ ಸುತ್ತ ದಬ್ಬಣ ಇಳಿಸತೊಡಗಿದಳು.

ತನ್ನ ಮೇಲೆ ಸಿಟ್ಟಿತ್ತು, ಬೆಳಗಿನ ಬೆಳಕಿನಲ್ಲಿ ಒಮ್ಮೆ ತಿರುವಿ ನೋಡದೆ ಹೋದದ್ದಕ್ಕೆ. ನಕ್ಕವರ ಮೇಲಿತ್ತು. ತಾನು ಒಂದು ಮಾತು ತಪ್ಪಾಗಿ ಆಡಿದೊಡನೆ ಹೊಲವೂ ಕೈತಪ್ಪಿತು ಎಂದುಕೊಂಡವರ ಮೇಲೆ ಇನ್ನೂ ಹೆಚ್ಚಿತ್ತು. ಆ ಸಿಟ್ಟಿಗೆ ಈಗ ಸುಳ್ಳಿನ ಒಂದು ಎಳೆಯೂ ಇರಲಿಲ್ಲ. ಹೊಲಿಗೆ ಸಣ್ಣದಾಗುತ್ತ, ಬಿಗಿಯಾಗುತ್ತ ಹೋಯಿತು. ಹೊತ್ತು ಇಳಿಯುವಾಗ ಮೂಲೆ ಮುಗಿಯಿತು. ಬಳೆಯನ್ನು ಕಟ್ಟೆಯ ಕಂಬದ ಗೂಟಕ್ಕೆ ಸಿಕ್ಕಿಸಿ, ಹಾಯಿಯನ್ನು ಎರಡೂ ಕೈಯಿಂದ ಹಿಡಿದು, ಮೈಭಾರ ಬಿಟ್ಟು ಜಗ್ಗಿದಳು. ಗೂಟ ಅಲುಗಿತು. ಹೊಲಿಗೆ ಅಲುಗಲಿಲ್ಲ.

ಮರುದಿನ ಬೆಳಕು ಸ್ಪಷ್ಟವಾಗುವ ತನಕ ಕಾದು, ನಾಲ್ಕೂ ಮೂಲೆಯನ್ನು ಕೈಯಿಂದ ಮುಟ್ಟಿ ನೋಡಿ, ದೋಣಿ ನೂಕಿದಳು. ಗಾಳಿ ಮೊದಲು ಬಟ್ಟೆಯನ್ನು ತಡವಿತು. ಆಮೇಲೆ ಒಳಗೆ ತುಂಬಿಕೊಂಡಿತು. ಬಿಳಿಯ ಹಾಯಿ ಉಬ್ಬಿ ನಿಂತಿತು, ಹಗ್ಗ ಸೆಟೆಯಿತು, ನೀರು ಎರಡು ಸೀಳಾಗಿ ಹಿಂದೆ ಸರಿಯತೊಡಗಿತು. ಬಂಡಿದಾರಿ ಎಲ್ಲಿತ್ತೋ ಅದರ ಮೇಲೆಯೇ ದೋಣಿ ಹೋಗುತ್ತಿತ್ತು. ದಾರಿಯ ಬದಿಯ ಮುಳುಗಿದ ಬೇವಿನ ತುದಿ ಒಂದು ಮೊಳ ಮೇಲೆ ಕಾಣುತ್ತಿತ್ತು. ಅದನ್ನು ಬಲಕ್ಕೆ ಬಿಟ್ಟು ಅವಳು ದಾಟಿದಳು.

ಫಕ್ರುಸಾಬ ಬೀಜವನ್ನು ಮುಷ್ಟಿಯಲ್ಲಿ ಹಿಡಿದು ನೋಡಿ ತಲೆಯಾಡಿಸಿದ. "ಹಸೀ ಬೀಜ ಕೂರಿಗ್ಯಾಗ ಇಳಿಯೂದಿಲ್ಲವಾ. ಅಂಟತಾವ."

"ಕೈಲೆ ಹಾಕತೀನಿ ಕಾಕಾ. ನೀವು ಸಾಲು ಬಿಡ್ರಿ."

"ಎರಡೂವರೆ ಎಕರೆ?"

"ಹೂಂನ್ರಿ."

ಅವನು ಅವಳ ಮುಖ ನೋಡಿ ಮನೆಯಿಂದ ಇಬ್ಬರು ಹೆಂಗಸರನ್ನು ಕರೆಸಿದ. ಎತ್ತು ಮುಂದೆ, ಸಾಲು ಹಿಂದೆ. ಉಡಿಯಲ್ಲಿ ಬೀಜ ಕಟ್ಟಿಕೊಂಡು ಮೂವರೂ ಬಾಗಿ ನಡೆದರು. ಗೇಣಿಗೊಂದು ಕಾಳು, ಕಾಲಿನಿಂದ ಮಣ್ಣು. ಸೊಂಟ ಎರಡು ಹೋಳಾದಂತಾಯಿತು. ನೀಲಕ್ಕ ನಿಲ್ಲಲಿಲ್ಲ.

ಇನ್ನು ಆರೇಳು ಸಾಲು ಉಳಿದಿರುವಾಗ ಸಂಗನಬಸವ ಕೆರೆ ಸುತ್ತಿ ಬಂದ. ಹಳ್ಳ ಹಾದು ಬಂದದ್ದಕ್ಕೆ ಧೋತರ ಮೊಣಕಾಲ ತನಕ ತೊಯ್ದಿತ್ತು, ಚಪ್ಪಲಿಗೆ ಎರಿ ಮಣ್ಣು ಮೆತ್ತಿ ಭಾರವಾಗಿತ್ತು. ಬದುವಿನಿಂದ ಇಳಿದು ಹೊಲದೊಳಗೆ ನಾಲ್ಕು ಹೆಜ್ಜೆ ಬಂದು, ಬಿತ್ತಿದ್ದಾರೋ ಇಲ್ಲವೋ ನೋಡುವುದಕ್ಕೆ ಕೋಲಿನಿಂದ ಸಾಲು ಕೆದರಿದ. ಮಣ್ಣಿನಲ್ಲಿ ಉಬ್ಬಿದ ಕಡ್ಲಿ ಕಾಳು ಕಂಡಿತು.

ನೀಲಕ್ಕ ಸೊಂಟ ನೆಟ್ಟಗೆ ಮಾಡಿದಳು. ದನಿ ಏರಿಸಲಿಲ್ಲ.

"ಭಾವಾರ, ಬದುವಿನ ಮ್ಯಾಲ ನಿಂದರ್ರಿ. ಬಿತ್ತಿದ ಹೊಲ ಐತಿ."

ಅವನು ಕೆಳಗೆ ನೋಡಿದ. ಕಾಲಿಡಲು ಜಾಗ ಹುಡುಕುತ್ತ, ಒಂದೊಂದೇ ಹೆಜ್ಜೆ ಹಿಂದೆ ಇಟ್ಟು, ಬದು ಹತ್ತಿದ.