ಮಲ್ಲಿಕಾಳ ಕಾರ್ಯಾನುಭವ

ಡಿಸೆಂಬರ್ ೧೫, ಸೋಮವಾರ. ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷ.

ಪಕ್ಕದ ಮನೆಯಲ್ಲಿ ಸಕ್ಕರೆ ಸುಡುತ್ತಿದ್ದಾರೆ. ನೀವು ನಮ್ಮ ಕಡೆಯವರಲ್ಲದಿದ್ದರೆ ಏನಾಯಿತೋ ಎಂದು ಓಡಿಬರುತ್ತೀರಿ. ಡಿಸೆಂಬರಿನಲ್ಲಿ ರಾಬರ್ಟ್‌ಸನ್‌ಪೇಟೆಯವರು ಯಾರೂ ಓಡುವುದಿಲ್ಲ. ಕ್ರಿಸ್‌ಮಸ್ ಕೇಕಿಗೆ ಬಣ್ಣ ಬರಲೆಂದು ಸಕ್ಕರೆಯನ್ನು ಬಾಣಲೆಯಲ್ಲಿ ಕರಗಿಸಿ, ಕಪ್ಪಾಗುವ ಹೊತ್ತಿಗೆ ಸರಿಯಾಗಿ ನೀರು ಹೊಯ್ಯುತ್ತಾರೆ. ಚೊಯ್ ಎಂದು ಒಂದು ಸದ್ದು, ಆಮೇಲೆ ಸಿಹಿಯೂ ಕಹಿಯೂ ಬೆರೆತ ಹೊಗೆ. ಆ ಹೊಗೆ ನನ್ನ ಕಿಟಕಿಗೆ ಬಂತೆಂದರೆ ನಿದ್ದೆ ಮುಗಿಯಿತು.

ಇವತ್ತು ಬೇಗ ಏಳಲು ಬೇರೆ ಕಾರಣವೂ ಇತ್ತು. ನಾನು ಬಂಗಾರಪೇಟೆಯ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಒಂಬತ್ತನೇ ತರಗತಿಯ ಇಬ್ಬರು ಹುಡುಗಿಯರು ಇವತ್ತಿನಿಂದ ಹತ್ತು ದಿನ ಅಲ್ಲಿ ಕೆಲಸ ಕಲಿಯಲು ಬರುತ್ತಾರೆ. "ನೀನೇ ನೋಡ್ಕೊಳ್ಳಮ್ಮ, ನಿಂಗೆ ಅಚ್ಚುಕಟ್ಟು ಜಾಸ್ತಿ," ಎಂದು ಮಾಲೀಕರು ನನಗೆ ಒಪ್ಪಿಸಿಬಿಟ್ಟಿದ್ದಾರೆ. ನನ್ನ ಅಚ್ಚುಕಟ್ಟು ನಮ್ಮ ಮನೆಯಲ್ಲಿ ಒಂದು ತಮಾಷೆ. ಬಸ್ಸು ಎಷ್ಟು ತಡವಾಯಿತು, ಯಾವ ತಾರೀಖು ಯಾರಿಗೆ ನೆಗಡಿ ಬಂತು, ಹಬ್ಬಕ್ಕೆ ಎಷ್ಟು ಒಬ್ಬಟ್ಟು ತಟ್ಟಿದೆವು, ಎಲ್ಲವನ್ನೂ ಬರೆದಿಡುತ್ತೇನೆ. "ಇವ್ಳು ಸಾಯೋವಾಗ್ಲೂ ಟೈಮ್ ಬರ್ದಿಟ್ಟೇ ಸಾಯೋದು," ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಾಳೆ.

ಆ ಇಬ್ಬರು ಹುಡುಗಿಯರಿಗೆ ಮೊದಲ ದಿನ ಏನು ಕಲಿಸಬೇಕು ಎಂದು ಬರೆಯಲು ಕುಳಿತೆ. ಚೌಕಟ್ಟು ಒರೆಸುವುದು, ಗಿರಾಕಿಗೆ ಕನ್ನಡಿ ಹಿಡಿಯುವುದು ಎಂದು ಎರಡು ಸಾಲು ಬರೆದೆ. ಅಷ್ಟರಲ್ಲಿ ಹೊಗೆ ಇನ್ನೊಮ್ಮೆ ಬಂತು. ಹೊಗೆಯ ಹಿಂದೆ ನನ್ನ ಹಳೆಯ ಸಹಪಾಠಿ ಮಲ್ಲಿಕಾ ನೆನಪಾಗಿ ಬಂದಳು.

ನಮ್ಮ ಶಾಲೆಯಲ್ಲಿ ಕಾರ್ಯಾನುಭವ ಎಂಬ ಒಂದು ಪೀರಿಯಡ್ ಇತ್ತು. ನಿಮ್ಮ ಶಾಲೆಯಲ್ಲೂ ಇದ್ದಿರಬೇಕು. ಒಡೆದ ಬಳೆಯಿಂದ ಹೂದಾನಿ ಮಾಡುವುದು, ಐಸ್‌ಕ್ರೀಂ ಕಡ್ಡಿಯಲ್ಲಿ ಮನೆ ಕಟ್ಟುವುದು, ಇಲ್ಲದಿದ್ದರೆ ಹೆಡ್‌ಮಿಸ್ಸಿನ ಕರಿಬೇವಿನ ಗಿಡಕ್ಕೆ ನೀರು ಹಾಕುವುದು. ನಾನು ಕಟ್ಟಿದ ಕಡ್ಡಿಮನೆಗೆ ಬಾಗಿಲು ಇಡುವುದನ್ನೇ ಮರೆತಿದ್ದೆ. ಆದರೂ ಎ ಗ್ರೇಡ್ ಸಿಕ್ಕಿತು. ನಾವು ಒಂಬತ್ತಕ್ಕೆ ಬಂದ ವರ್ಷ ಸರಳಾ ಟೀಚರ್ ಬಂದರು. "ಕಡ್ಡಿಮನೇಲಿ ಯಾರೂ ಬಾಳಲ್ಲ," ಎಂದರು. ಡಿಸೆಂಬರಿನಲ್ಲಿ ಹನ್ನೆರಡು ದಿನ ನಮ್ಮನ್ನು ಇಬ್ಬಿಬ್ಬರಂತೆ ನಿಜವಾದ ಅಂಗಡಿಗಳಿಗೆ ಕಳಿಸಿದರು. ಹೊಲಿಗೆ ಅಂಗಡಿಗೆ ಇಬ್ಬರು, ಔಷಧಿ ಅಂಗಡಿಗೆ ಇಬ್ಬರು. ನನಗೂ ಮಲ್ಲಿಕಾಳಿಗೂ ಸಿಕ್ಕಿದ್ದು ಆಂಡರ್ಸನ್‌ಪೇಟೆಯ ರೋಸಿಯಮ್ಮನ ಬೇಕರಿ. ಮಧ್ಯಾಹ್ನ ಊಟದ ಮೇಲೆ ಹೋಗಿ ಸಂಜೆ ಐದಕ್ಕೆ ಹೊರಡಬೇಕು ಎಂದು ಟೀಚರ್ ನಿಯಮ.

ಮಲ್ಲಿಕಾ ಬಂಗಾರಪೇಟೆ ಕಡೆಯ ಒಂದು ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಅವಳಪ್ಪ ಮೂಟೆ ಹೊರುವ ಕೆಲಸದವನು, ಅಮ್ಮ ಕಂಡವರ ತೋಟದಲ್ಲಿ ಟೊಮೇಟೊ ಕೀಳಲು ಹೋಗುವಳು. ತರಗತಿಯಲ್ಲಿ ಅವಳ ದನಿ ಕೇಳಿದವರು ಕಡಿಮೆ. ಹಾಜರಿ ಕೂಗಿದರೆ ಕೈ ಎತ್ತುವಳು, ಅಷ್ಟೆ.

ರೋಸಿಯಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ, ತನ್ನ ತಮಿಳು ಬೆರೆತ ಕನ್ನಡದಲ್ಲಿ ಮುದ್ದಿನಿಂದ ಕೇಳಿದಳು: "ಏನ್ ಕಣ್ಣು, ನಿನ್ ಬಾಯಿ ಮನೇಲಿ ಇಟ್ಟು ಬಂದಿದ್ಯಾ?"

"ಇಲ್ಲ ಅಮ್ಮಾ, ಬಸ್ನಲ್ಲಿ ಬಿದ್ದೋಯ್ತು," ಎಂದಳು ಮಲ್ಲಿಕಾ, ನೆಲ ನೋಡುತ್ತಾ.

ರೋಸಿಯಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಂಬತ್ತನೇ ತರಗತಿಯ ಆರು ತಿಂಗಳಲ್ಲಿ ಮಲ್ಲಿಕಾಳಿಂದ ನಾನು ಕೇಳಿದ ಮೊದಲ ತಮಾಷೆ ಅದು.

ಆ ಬೇಕರಿಯಲ್ಲಿ ಇದ್ದದ್ದು ಸೌದೆ ಒಲೆ, ಗುಹೆಯ ಹಾಗೆ. ಕಾವು ಬಂದಿದೆಯೇ ಎಂದು ತಿಳಿಯಲು ರೋಸಿಯಮ್ಮ ಒಂದು ಚಿಟಿಕೆ ಮೈದಾ ಒಳಗೆ ಎಸೆದು, ಅದು ಕೆಂಪಾಗುವ ಬಗೆ ನೋಡುತ್ತಿದ್ದಳು. ನನಗೆ ಅದು ಕೊನೆಯವರೆಗೂ ಬರಲಿಲ್ಲ. ನಾನು ಗಡಿಯಾರ ನೋಡುತ್ತಿದ್ದೆ, ಹಿಟ್ಟು ಅಷ್ಟರಲ್ಲಿ ಇದ್ದಿಲಾಗುತ್ತಿತ್ತು. ಮಲ್ಲಿಕಾಳಿಗೆ ಮೂರನೇ ದಿನಕ್ಕೇ ಬಂತು. "ರಾಗಿರೊಟ್ಟಿ ಹೆಂಚು ನೋಡ್ದಂಗೇ ಕಣೇ ಇದು, ಏನ್ ಮಹಾ," ಎಂದಳು. ವಾರ ಕಳೆಯುವಷ್ಟರಲ್ಲಿ ಅವಳು ಗಿರಾಕಿಗಳಿಗೇ ಹೇಳಲು ಕಲಿತಳು: "ಒಲೆ ಇನ್ನೂ ಎದ್ದಿಲ್ಲ ಅಣ್ಣಾ, ಕೂತ್ಕೊಳ್ಳಿ. ಅವಸರ ಮಾಡುದ್ರೆ ಕೇಕಲ್ಲ, ಇಟ್ಟಿಗೆ ತಗೊಂಡೋಗ್ತೀರ."

ನಮ್ಮ ಊರಿನ ಒಂದು ಪದ್ಧತಿಯನ್ನು ನಿಮಗೆ ಹೇಳಲೇಬೇಕು. ಕ್ರಿಸ್‌ಮಸ್ ಹತ್ತಿರವಾದಾಗ ಜನ ಮನೆಯಲ್ಲೇ ಕೇಕಿನ ಹಿಟ್ಟು ಕಲಸಿ, ತಟ್ಟೆಗೆ ಹೊಯ್ದು, ಬೇಯಿಸಲು ಬೇಕರಿಗೆ ತರುತ್ತಾರೆ. ತಟ್ಟೆ ಅದಲುಬದಲಾದರೆ ಜಗಳ ಹೊಸ ವರ್ಷದವರೆಗೂ ನಡೆಯುತ್ತದೆ. ಹಾಗಾಗದಿರಲು ಬಹಳ ಬೇಕರಿಗಳಲ್ಲಿ ಚೀಟಿ ಅಂಟಿಸುತ್ತಾರೆ. ರೋಸಿಯಮ್ಮ ಕೊಡುತ್ತಿದ್ದುದು ನಮ್ಮೂರ ಚಿನ್ನದ ಗಣಿಯ ಹಿತ್ತಾಳೆ ಬಿಲ್ಲೆ. ಅವಳ ಗಂಡ ಗಣಿಯಲ್ಲಿ ಬಿಲ್ಲೆ ಕೊಡುವ ಕೋಣೆಯಲ್ಲಿದ್ದವನು. ಕೆಳಗಿಳಿಯುವ ಪ್ರತಿಯೊಬ್ಬನೂ ಒಂದು ನಂಬರಿನ ಬಿಲ್ಲೆ ಒಯ್ಯಬೇಕು, ಮೇಲೆ ಬಂದು ಅದನ್ನು ಅದೇ ಮೊಳೆಗೆ ಸಿಕ್ಕಿಸಬೇಕು. ಮೊಳೆ ಖಾಲಿ ಇದ್ದರೆ ಆಳು ಇನ್ನೂ ಭೂಮಿಯೊಳಗಿದ್ದಾನೆ ಎಂದರ್ಥ. ಆ ಮೊಳೆ ತುಂಬುವವರೆಗೆ ಕೋಣೆಗೆ ಬೀಗ ಬೀಳುತ್ತಿರಲಿಲ್ಲ. ಗಣಿ ಮುಚ್ಚಿತು, ಗಂಡ ಹೋದ, ಬಿಲ್ಲೆಗಳು ಬೇಕರಿಯ ಗೋಡೆಗೆ ಬಂದವು. ಅವುಗಳ ಜೊತೆ ಆ ನಿಯಮವೂ ಬಂತು: ತಟ್ಟೆ ತಂದವರು ಬಿಲ್ಲೆ ಒಯ್ಯಬೇಕು, ಕೇಕು ಒಯ್ಯಲು ಬಂದಾಗ ಅದನ್ನು ಮರಳಿಸಬೇಕು.

"ಕಡೇ ಬಿಲ್ಲೆ ವಾಪಸ್ ಬರೋಗಂಟ ಬಾಗ್ಲು ಹಾಕಂಗಿಲ್ಲ," ಎಂದು ಅವಳು ನಮಗೆ ಮೊದಲ ದಿನವೇ ಹೇಳಿದ್ದಳು. ಅವಳಿಗದು ಬಾಯಿಪಾಠವಾದ ಮಾತು. ಮನೆಯಿಂದ ಹೊರಡುವವರಿಗೆ ನಾವು "ಹುಷಾರು" ಎನ್ನುವುದಿಲ್ಲವೇ, ಹಾಗೆ. ಮಲ್ಲಿಕಾ ಅದನ್ನು ಹಾಗೆ ಕೇಳಿಸಿಕೊಳ್ಳಲಿಲ್ಲ. ಯಾರೋ ತನ್ನನ್ನು ನಂಬಿ ಒಪ್ಪಿಸಿದ ಮೊದಲ ಕೆಲಸ ಎಂದು ಕೇಳಿಸಿಕೊಂಡಳು.

ಅವಳು ಆ ಕೆಲಸವನ್ನು ಅಷ್ಟೊಂದು ಹಚ್ಚಿಕೊಳ್ಳಲು ಕಾರಣವಿತ್ತು. ಹತ್ತು ಮುಗಿದ ಮೇಲೆ ಮುಂದೆ ಓದಿಸುವುದಿಲ್ಲ ಎಂದು ಅವಳ ಮನೆಯಲ್ಲಿ ತೀರ್ಮಾನವಾಗಿತ್ತು. ಆದರೆ ಒಂದು ಸಂಜೆ ರೋಸಿಯಮ್ಮ ಹಿಟ್ಟು ನಾದುತ್ತಾ ಹೇಳಿದಳು: "ಹತ್ತು ಪಾಸ್ ಮಾಡ್ಕೊಂಡು ಬಾ. ಬೆಳಿಗ್ಗೆ ಕಾಲೇಜಿಗೆ ಹೋಗು, ಮಧ್ಯಾಹ್ನ ಇಲ್ಲಿಗೆ ಬಾ. ಸಂಬಳ ಕೊಡ್ತೀನಿ. ನಂಗೂ ಕೈ ಸೋಲ್ತಾ ಇದೆ." ಮಾರನೆಯ ದಿನ ಮಲ್ಲಿಕಾ ಬಸ್ಸಿಳಿದು ನನ್ನ ಹತ್ತಿರ ಓಡಿಯೇ ಬಂದಳು.

"ಅಪ್ಪನ್ನ ಕೇಳ್ದೆ ಕಣೇ."

"ಏನಂದ್ರು?"

"ನೋಡಾನ ಅಂದವ್ರೆ!"

ನಾನು ನಕ್ಕೆ. ನಮ್ಮ ಮನೆಯಲ್ಲಿ 'ನೋಡೋಣ' ಎಂದರೆ ಇಲ್ಲ ಎಂದೇ. "ಲೇ, ನಮ್ಮಪ್ಪ ಇಲ್ಲ ಅನ್ನಕ್ಕೆ ಹೊತ್ತು ನೋಡೋರಲ್ಲ," ಎಂದು ಅವಳು ಸಿಟ್ಟಾದಳು. "ನೋಡಾನ ಅಂದ್ರೆ ಅರ್ಧ ಬಾಗ್ಲು ತೆಗ್ದಂಗೆ." ಇನ್ನರ್ಧ ಬಾಗಿಲನ್ನು ತೆಗೆಸಲು ಅವಳು ಉಳಿದ ದಿನವೆಲ್ಲ ದುಡಿದಳು ಎಂದು ನನಗೆ ಈಗ ಅನ್ನಿಸುತ್ತದೆ.

ಇಪ್ಪತ್ತೆರಡನೇ ತಾರೀಖು ಬೇಕರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಐದಾದಾಗ ನಾನು ಹೊರಟೆ. ನನ್ನ ಮನೆ ನಡೆಯುವ ದೂರ. ಮಲ್ಲಿಕಾಳ ಊರಿಗೆ ಕೊನೆಯ ಬಸ್ಸು ಆರೂವರೆಗೆ. "ಇದೊಂದು ಸಾಲು ಕೊಟ್ಬುಟ್ಟು ಓಗ್ತೀನಿ, ನೀ ನಡಿ," ಎಂದಳು. ಆಮೇಲೆ ನಡೆದದ್ದನ್ನು ನಾನು ಕಂಡಿಲ್ಲ, ಅವರಿಬ್ಬರ ಬಾಯಿಂದ ಕೇಳಿದೆ. ಆರು ಗಂಟೆಗೆ ರೋಸಿಯಮ್ಮ ಚರ್ಚಿನಲ್ಲಿ ಹಾಡಿನ ಅಭ್ಯಾಸಕ್ಕೆ ಹೊರಟಳು. ಹೋಗುವಾಗ ಅದೇ ಬಾಯಿಪಾಠದ ಮಾತು ಹೇಳಿದಳು: ಕಡೇ ಬಿಲ್ಲೆ ಬಂದ ಮೇಲೆ ಬಾಗಿಲು ಹಾಕು. ಬಸ್ಸಿನ ನೆನಪು ಅವಳಿಗೆ ಬರಲಿಲ್ಲ. ಮಲ್ಲಿಕಾಳಿಗೆ ಬಂತು. ಗೋಡೆಯಲ್ಲಿ ಒಂದು ಮೊಳೆ ಖಾಲಿ ಇತ್ತು, ಅವಳು ಕುಳಿತಳು.

ಆ ಬಿಲ್ಲೆ ಉರಿಗಾಂನ ಒಬ್ಬ ಹೆಂಗಸಿನದು. ಬೆಂಗಳೂರಿನ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸಕ್ಕೆ ದಿನವೂ ರೈಲಿನಲ್ಲಿ ಹೋಗಿಬರುವವಳು. ಅವತ್ತು ರೈಲು ತಡ. ಏಳೂಕಾಲಿಗೆ ಏದುಸಿರು ಬಿಡುತ್ತಾ ಬಂದವಳು, ತೆರೆದ ಬಾಗಿಲು ನೋಡಿ ಮಲ್ಲಿಕಾಳ ಗಲ್ಲ ಹಿಡಿದು ಅತ್ತಳಂತೆ. ಕೇಕಿಲ್ಲದೆ ಮನೆಗೆ ಹೋಗಿ ಮಕ್ಕಳಿಗೆ ಮುಖ ತೋರಿಸುವುದು ಹೇಗೆಂದು ದಾರಿಯುದ್ದಕ್ಕೂ ಯೋಚಿಸುತ್ತಾ ಬಂದಿದ್ದಳಂತೆ. ಅವಳು ಹೋದ ಸ್ವಲ್ಪ ಹೊತ್ತಿಗೆ ರೋಸಿಯಮ್ಮ ಬಂದಳು.

"ಅಯ್ಯಯ್ಯೋ, ನೀನಿನ್ನೂ ಇಲ್ಲೇ ಇದ್ಯಾ! ಬಸ್ಸು?"

"ಒಂದ್ ಬಿಲ್ಲೆ ಬಂದಿರ್ಲಿಲ್ಲ ಅಮ್ಮಾ. ಈಗ ಎಲ್ಲಾ ಬಂದೈತೆ," ಎಂದಳಂತೆ ಮಲ್ಲಿಕಾ, ಹೆಮ್ಮೆಯಿಂದ.

ಅವಳ ಮನೆಯಲ್ಲಿ ಫೋನಿರಲಿಲ್ಲ. ರೋಸಿಯಮ್ಮ ಆ ಊರಿನ ಅಂಗಡಿಗೆ ಫೋನು ಮಾಡಿ, "ಹುಡುಗಿ ಇವತ್ತು ನಮ್ಮನೇಲಿ ಮಲಗ್ತಾಳೆ," ಎಂದು ಹೇಳಿದಳು. ಹೇಳಿದ್ದು ಅಷ್ಟೇ. ಅಂಗಡಿಯಿಂದ ಮಲ್ಲಿಕಾಳ ಮನೆ ಮುಟ್ಟುವಷ್ಟರಲ್ಲಿ ಆ ಮಾತು, ಪೇಟೆಗೆ ಹೋದ ಹುಡುಗಿ ರಾತ್ರಿ ಮನೆಗೆ ಬರುವುದಿಲ್ಲವಂತೆ ಎಂದಾಗಿತ್ತು.

ಬೆಳಿಗ್ಗೆ ಮೊದಲ ಬಸ್ಸಿಗೆ ಅವಳಪ್ಪ ಬಂದ. ಕೊನೆಯ ಎರಡು ದಿನ ನಮಗೆ ಪೂರ್ತಿ ದಿನದ ಕೆಲಸವಿದ್ದುದರಿಂದ ನಾನೂ ಅಲ್ಲಿದ್ದೆ. ಕೂಗಾಡುತ್ತಾನೆ ಎಂದುಕೊಂಡಿದ್ದೆ. ಅವನು ಚಪ್ಪಲಿ ಹೊರಗೆ ಬಿಟ್ಟು, ಹೆಗಲ ಮೇಲಿನ ಟವೆಲ್ಲು ಕೈಗೆ ತೆಗೆದುಕೊಂಡು ಒಳಗೆ ಬಂದ.

"ತಪ್ಪು ನಂದಪ್ಪ," ರೋಸಿಯಮ್ಮನೇ ಮೊದಲು ಹೇಳಿದಳು. "ನಾನೇ ಕಳಿಸಬೇಕಾಗಿತ್ತು. ನನ್ನ ಮಗಳ ಪಕ್ಕದಲ್ಲೇ ಮಲಗಿದ್ಳು. ನಿನ್ ಮಗಳು ಚಿನ್ನ."

"ನೀವು ಒಳ್ಳೇವ್ರೇ ಇರ್ಬೋದು ತಾಯಿ. ತಪ್ಪು ಯಾರ್ದಾದ್ರೂ ಆಗ್ಲಿ, ಮಾತು ಬರೋದು ನಮ್ಮ ಬಾಗ್ಲಿಗೆ."

"ಇನ್ನು ಎರಡು ದಿನ ಬಿಡಪ್ಪ. ನಾನೇ ಬಸ್ ಹತ್ತುಸ್ತೀನಿ."

"ಚಾಲಮ್ಮಾ, ಚಾಲು," ಎಂದ ಅವನು ತನ್ನ ತೆಲುಗಿನಲ್ಲಿ. "ಕಲ್ತಿದ್ದು ಸಾಕು."

ಮಲ್ಲಿಕಾ ಒಲೆಯ ಮುಂದೆ ಉದ್ದ ಹಿಡಿಯ ಸಲಿಕೆ ಹಿಡಿದು ನಿಂತಿದ್ದಳು. "ನಾನೇನ್ ತಪ್ಪು ಮಾಡ್ದೆ ಅಪ್ಪಾ?" ಎಂದಳು. ಗಿರಾಕಿಗಳ ಹತ್ತಿರ ಮಾತಾಡಲು ಕಲಿತ ಅದೇ ಗಟ್ಟಿ ದನಿ.

ಅವನು ಅವಳನ್ನು ನೋಡಲಿಲ್ಲ. "ನೀ ಮಾಡ್ಲಿಲ್ಲ ಕಣವ್ವ. ನಂಗೊತ್ತು. ಊರು ಕೇಳ್ತದಾ?"

ಅವಳು ಸಲಿಕೆಯನ್ನು ಗೋಡೆಗೆ ಒರಗಿಸಿದಳು. ಏಪ್ರನ್ ಬಿಚ್ಚಿ ಮಡಿಸಿಟ್ಟಳು, ಕೈ ತೊಳೆದಳು. ನನ್ನ ಪಕ್ಕ ಹಾದುಹೋಗುವಾಗ ಮೆಲ್ಲಗೆ ಹೇಳಿದಳು: "ಬಲಗಡೆ ಹಿಂದಿನ ತಟ್ಟೆ ತಿರುಗ್ಸೇ. ಒಂದ್ ಕಡೆ ಕರ್‍ರಗಾಗ್ತೈತೆ."

ನಾನು ತಟ್ಟೆ ತಿರುಗಿಸಿ ಹೊರಗೆ ಬರುವಷ್ಟರಲ್ಲಿ ಅಪ್ಪ ಮಗಳು ರಸ್ತೆ ತಿರುವು ದಾಟಿದ್ದರು. ಆ ದಿನದ ದಿನಚರಿಯಲ್ಲಿ ಬೆಂದ ತಟ್ಟೆಗಳ ಲೆಕ್ಕವಿದೆ. ಮಲ್ಲಿಕಾ ಹೋದಳು ಎಂದು ಒಂದು ಸಾಲೂ ಇಲ್ಲ. ರಜೆ ಮುಗಿದ ಮೇಲೆ ಬರುತ್ತಾಳೆ ಎಂದು ನಂಬಿದ್ದೆ. ಬರುವವಳ ಬಗ್ಗೆ ಏನು ಬರೆಯುವುದು?

ಜನವರಿಯಲ್ಲಿ ಅವಳು ಬರಲಿಲ್ಲ. ಸರಳಾ ಟೀಚರ್ ಅವಳ ಹಳ್ಳಿಗೆ ಎರಡು ಸಲ ಹೋದರು. ಮೊದಲ ಸಲ, ಗಡಿಯಾಚೆ ಕುಪ್ಪಂ ಕಡೆ ಚಿಕ್ಕಮ್ಮನ ಮನೆಗೆ ಕಳಿಸಿದ್ದೇವೆ ಎಂದು ಮನೆಯವರು ಹೇಳಿದರಂತೆ. ಎರಡನೆಯ ಸಲ ಮನೆಗೆ ಬೀಗವಿತ್ತು. ಮುಂದಿನ ವರ್ಷ ಯಾರನ್ನೂ ಅಂಗಡಿಗೆ ಕಳಿಸಲಿಲ್ಲ. ಕಾರ್ಯಾನುಭವ ಮತ್ತೆ ಐಸ್‌ಕ್ರೀಂ ಕಡ್ಡಿಗೆ ಮರಳಿತು. ರೋಸಿಯಮ್ಮ ಬಿಲ್ಲೆಗಳನ್ನೆಲ್ಲ ಡಬ್ಬಿಗೆ ಹಾಕಿ ಅಟ್ಟಕ್ಕೇರಿಸಿ, ಚೀಟಿ ಅಂಟಿಸತೊಡಗಿದಳು. ಹೋದ ವರ್ಷ ಅವಳು ತೀರಿಕೊಂಡಳು. ಒಲೆಯಿದ್ದ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ.

ಆ ಹನ್ನೆರಡು ದಿನದಿಂದ ನನಗೆ ಬಹಳ ಸಿಕ್ಕಿತು. ಅಪರಿಚಿತರ ಕಣ್ಣು ನೋಡಿ ಮಾತಾಡುವುದು, ಹೇಳುವ ಮೊದಲೇ ಗುಡಿಸುವುದು, ಬೈದರೆ ಮನೆಗೆ ಹೋಗಿ ಅಳುವುದು. ಕನ್ನಡಕದ ಅಂಗಡಿಯಲ್ಲಿ ಕೆಲಸ ಕೇಳಲು ಹೋದ ದಿನ ನನ್ನ ಅಂಕಗಳನ್ನು ಯಾರೂ ಕೇಳಲಿಲ್ಲ. ಗಿರಾಕಿಯೊಬ್ಬರು ಒಳಗೆ ಬಂದಾಗ ನಾನಾಗಿಯೇ ಎದ್ದು ಕುರ್ಚಿ ಕೊಟ್ಟಿದ್ದನ್ನು ನೋಡಿ ಸೇರಿಸಿಕೊಂಡರು. ಮಲ್ಲಿಕಾ ನನಗಿಂತ ಚೆನ್ನಾಗಿ ಕಲಿತಳು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವುದನ್ನು ಹತ್ತು ದಿನದಲ್ಲಿ ಯಾರಾದರೂ ಕಲಿಯಬಹುದು. ಹೇಳಿದವರು ಏನನ್ನು ಮರೆತು ಹೇಳಿದರು ಎಂದು ತಿಳಿದು ಆ ಮಾತನ್ನು ಮೀರುವುದಕ್ಕೆ ವರ್ಷಗಳು ಬೇಕು, ನಾಲ್ಕಾರು ಸಲ ತಪ್ಪಿದರೂ ಪರವಾಗಿಲ್ಲ ಎನ್ನುವ ಮನೆ ಬೇಕು. ನಾನು ತಪ್ಪಿದಾಗ ಅಮ್ಮ ನಗುತ್ತಾಳೆ. ಮಲ್ಲಿಕಾಳಿಗೆ ಒಂದೇ ಒಂದು ಸಂಜೆ ಇತ್ತು.

ಸಂಜೆ ಏಳೂವರೆ. ಅರ್ಧಕ್ಕೆ ನಿಲ್ಲಿಸಿ ಕೆಲಸಕ್ಕೆ ಹೋಗಿದ್ದೆ, ಈಗ ಮುಂದುವರಿಸುತ್ತಿದ್ದೇನೆ. ಹುಡುಗಿಯರು ಬಂದಿದ್ದರು. ಕಲಿಸಬೇಕೆಂದು ಬರೆದುಕೊಂಡದ್ದನ್ನು ಪಕ್ಕಕ್ಕಿಟ್ಟು, ಹೆಸರಿಗಿಂತ ಮೊದಲು ಅವರ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಇಬ್ಬರ ಮನೆಗೂ ಫೋನು ಮಾಡಿ, ನಾನು ಯಾರು, ಅಂಗಡಿ ಎಲ್ಲಿದೆ, ಮಕ್ಕಳು ಎಷ್ಟು ಹೊತ್ತಿಗೆ ಹೊರಡುತ್ತಾರೆ ಎಂದು ಅಪ್ಪ ಅಮ್ಮ ಇಬ್ಬರಿಗೂ ಹೇಳಿದೆ. ನಾಲ್ಕೂವರೆಗೆ ಚಿಕ್ಕವಳು ಒಂದು ಚೌಕಟ್ಟಿಗೆ ಸ್ಕ್ರೂ ಹಾಕುತ್ತಿದ್ದಳು. "ಇದೊಂದು ಮುಗ್ಸಿ ಓಗ್ತೀನಿ ಅಕ್ಕಾ, ಗಿರಾಕಿ ಬತ್ತೀನಿ ಅಂದವ್ರೆ," ಎಂದಳು.

ಅವಳ ಕೈಯಿಂದ ಚೌಕಟ್ಟು ತೆಗೆದುಕೊಂಡೆ. "ಗಿರಾಕಿ ಬಂದ್ರೆ ನಾನು ಬೈಸ್ಕೋತೀನಿ. ನೀನು ಹೊರಡು."

ಅವಳ ಮುಖ ಸಣ್ಣದಾಯಿತು. ತನ್ನ ಕೆಲಸ ಚೆನ್ನಾಗಿಲ್ಲ ಎಂದೇ ತಿಳಿದಿರಬೇಕು. ಬಸ್ ನಿಲ್ದಾಣದವರೆಗೆ ಇಬ್ಬರ ಜೊತೆಗೂ ಹೋಗಿ, ಬಸ್ಸು ಕಾಣದಾಗುವವರೆಗೆ ನಿಂತಿದ್ದೆ.

ಓದುಗರಲ್ಲಿ ಒಂದು ವಿನಂತಿ. ಮಲ್ಲಿಕಾಳಿಗೆ ಈಗ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಇರಬೇಕು. ಎಡ ಮುಂಗೈಯಲ್ಲಿ ಒಲೆಯ ಬಾಯಿ ತಗುಲಿ ಸುಟ್ಟ ಉದ್ದನೆಯ ಕಲೆ ಇದೆ. ತೆಲುಗು, ಕನ್ನಡ ಎರಡೂ ಬರುತ್ತವೆ. ಕುಪ್ಪಂ ಕಡೆಯವರು ಯಾರಾದರೂ ಅವಳನ್ನು ಬಲ್ಲಿರಾದರೆ ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಮದುವೆಯಾಯಿತೇ, ಮಕ್ಕಳೆಷ್ಟು ಎಂದು ನಾನು ಕೇಳುತ್ತಿಲ್ಲ. ಅವಳು ಹತ್ತನೇ ತರಗತಿ ಬರೆದಳೇ? ಅಷ್ಟು ತಿಳಿಸಿದರೆ ಸಾಕು.